ಕರೆದರೆ ತಿರುಗದ ಮಗುವಿಗೆ ಮನೆಯೇ ತರಗತಿ

ಎರಡು ವರ್ಷದ ಮಗು ಚಾವಡಿಯಲ್ಲಿ ಕುಳಿತು ಆಟಿಕೆ ಕಾರನ್ನು ಮಗುಚಿ ಹಾಕಿ ಅದರ ಚಕ್ರ ತಿರುಗಿಸುತ್ತಿದೆ. ಹೆಸರು ಹಿಡಿದು ನಾಲ್ಕು ಸಲ ಕರೆದರೂ ತಲೆಯೆತ್ತುವುದಿಲ್ಲ. ಆದರೆ ಅಡುಗೆಮನೆಯಲ್ಲಿ ಬಿಸ್ಕತ್ತಿನ ಪೊಟ್ಟಣ ಬಿಡಿಸಿದ ಸದ್ದಾದರೆ ಓಡಿ ಬರುತ್ತದೆ. ಹಾಗಾದರೆ ಈ ಮಗುವಿಗೆ ಕಿವಿ ಕೇಳುತ್ತದೆಯೇ, ಇಲ್ಲವೇ?

ನಮ್ಮ ಕಡೆಯ ಮನೆಗಳಲ್ಲಿ ಇದಕ್ಕೆ ಸಿದ್ಧ ಉತ್ತರಗಳಿವೆ. "ಅವನ ಅಪ್ಪನೂ ಮಾತಾಡಿದ್ದು ತಡವಾಗಿಯೇ" ಎನ್ನುತ್ತಾರೆ ಅಜ್ಜಿ. "ಗಂಡು ಮಕ್ಕಳು ಹಾಗೆಯೇ, ಶಾಲೆಗೆ ಹೋದರೆ ಸರಿಯಾಗುತ್ತದೆ" ಎನ್ನುತ್ತಾರೆ ನೆರೆಯವರು. ದೃಷ್ಟಿ ತೆಗೆಸುವುದು, ಜಾತಕ ತೋರಿಸುವುದು, ಹರಕೆ ಹೊರುವುದು ಎಲ್ಲವೂ ನಡೆಯುತ್ತದೆ. ಹರಕೆ ಹೊರುವವರು ಹೊರಲಿ, ಅದಕ್ಕೆ ಆಕ್ಷೇಪವಿಲ್ಲ. ಆದರೆ ಅದರ ನೆಪದಲ್ಲಿ ವೈದ್ಯರ ಬಳಿ ಹೋಗುವ ದಿನ ಮುಂದಕ್ಕೆ ಹೋಗಬಾರದು.

ಹೆತ್ತವರು ಗಮನಿಸಬೇಕಾದ ಕೆಲವು ಗುರುತುಗಳಿವೆ. ಒಂದು ವರ್ಷವಾದರೂ ಮಗು ತೊದಲದಿರುವುದು, ಬೆರಳು ತೋರಿಸದಿರುವುದು, 'ಟಾಟಾ' ಮಾಡದಿರುವುದು. ಹದಿನಾರು ತಿಂಗಳಾದರೂ ಒಂದು ಪದ ಬಾರದಿರುವುದು. ಎರಡು ವರ್ಷಕ್ಕೆ 'ಅಮ್ಮ ಬಾ' ಎಂಬಂತೆ ಎರಡು ಪದ ಸೇರಿಸಿ ತಾನಾಗಿ ಹೇಳದಿರುವುದು. ಬಂದ ಮಾತು ಯಾವುದೇ ವಯಸ್ಸಿನಲ್ಲಿ ಹಿಂದೆ ಹೋಗುವುದು. ಇವುಗಳಲ್ಲಿ ಯಾವುದಾದರೂ ಕಂಡರೆ ಮೊದಲು ಕಿವಿಯ ಪರೀಕ್ಷೆ, ಜೊತೆಗೇ ಮಕ್ಕಳ ತಜ್ಞರ ಭೇಟಿ. ಎಲ್ಲವೂ ಆಟಿಸಂ ಆಗಿರಬೇಕೆಂದಿಲ್ಲ. ಆದರೆ ಪರೀಕ್ಷಿಸಿ ನೋಡಿದರೆ ಕಳೆದುಕೊಳ್ಳುವುದು ಒಂದು ದಿನ, ನೋಡದೆ ಬಿಟ್ಟರೆ ವರ್ಷಗಳು.

ಏನಿದು ಆಟಿಸಂ?

ಕನ್ನಡದಲ್ಲಿ ಇದನ್ನು ಸ್ವಲೀನತೆ ಎಂದೂ ಕರೆಯುತ್ತಾರೆ. ಇದು ಅಂಟುವ ರೋಗವಲ್ಲ, ಹುಚ್ಚೂ ಅಲ್ಲ. ಮಿದುಳಿನ ಬೆಳವಣಿಗೆ ಎಳವೆಯಿಂದಲೇ ಸ್ವಲ್ಪ ಬೇರೆ ಹಾದಿ ಹಿಡಿದಿರುತ್ತದೆ. ಇತರರೊಡನೆ ಬೆರೆಯುವುದು, ಮಾತು ಮತ್ತು ಸನ್ನೆಯಿಂದ ವ್ಯವಹರಿಸುವುದು ಕಷ್ಟವಾಗುತ್ತದೆ. ಮಾಡಿದ್ದನ್ನೇ ಮಾಡುವುದು, ಬದಲಾವಣೆ ಸಹಿಸದಿರುವುದು, ಸದ್ದು, ಬೆಳಕು, ಸ್ಪರ್ಶ ಅತಿಯಾಗಿಯೋ ತೀರ ಕಡಿಮೆಯಾಗಿಯೋ ತಾಗುವುದು ಕಾಣಿಸುತ್ತದೆ. ಒಬ್ಬ ಮಗುವಿಗೆ ಮಾತೇ ಬಾರದಿರಬಹುದು, ಇನ್ನೊಬ್ಬ ರೈಲಿನ ವೇಳಾಪಟ್ಟಿಯನ್ನು ಬಾಯಿಪಾಠ ಹೇಳಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಲೋಕದಲ್ಲಿ ಸುಮಾರು 127 ಮಂದಿಗೆ ಒಬ್ಬರು ಆಟಿಸಂ ಉಳ್ಳವರು. ಇದೇ ಲೆಕ್ಕದಲ್ಲಿ ಐನೂರು ಮಕ್ಕಳ ಒಂದು ಶಾಲೆಯಲ್ಲಿ ಸುಮಾರು ನಾಲ್ವರು.

ಅಮೆರಿಕದ ಬಾಲ್ಟಿಮೋರಿನ ವೈದ್ಯ ಲಿಯೋ ಕ್ಯಾನರ್ 1943ರಲ್ಲಿ 11 ಮಕ್ಕಳನ್ನು ಕುರಿತು ಬರೆದ ಲೇಖನದಿಂದ ಈ ಸ್ಥಿತಿ ವೈದ್ಯಲೋಕದ ಗಮನಕ್ಕೆ ಬಂತು. ಅನಂತರದ ಕಾಲು ಶತಮಾನ ತಾಯಂದಿರ ಪಾಲಿಗೆ ಕ್ರೂರವಾಗಿತ್ತು. ತಾಯಿ ಪ್ರೀತಿ ತೋರದ್ದರಿಂದ ಮಗು ಹೀಗಾಯಿತೆಂದು ದೊಡ್ಡ ದೊಡ್ಡ ವಿದ್ವಾಂಸರೇ ಹೇಳಿದರು. ಸ್ವತಃ ಆಟಿಸಂ ಇರುವ ಮಗನ ತಂದೆಯಾಗಿದ್ದ ಮನಃಶಾಸ್ತ್ರಜ್ಞ ಬರ್ನಾರ್ಡ್ ರಿಮ್ಲಂಡ್ 1964ರಲ್ಲಿ ಪುಸ್ತಕ ಬರೆದು, ಇದು ಜೈವಿಕ ಕಾರಣದ ಸ್ಥಿತಿ ಎಂದು ವಾದಿಸಿದರು. ಇಂದು ವಂಶವಾಹಿಗಳ ಪಾತ್ರ ದೊಡ್ಡದೆಂದು ಗೊತ್ತಾಗಿದೆ. ಚುಚ್ಚುಮದ್ದಿನಿಂದ ಆಟಿಸಂ ಬರುತ್ತದೆಂದು 1998ರಲ್ಲಿ 12 ಮಕ್ಕಳ ಆಧಾರದಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂದ ಲೇಖನವನ್ನು ಆ ಪತ್ರಿಕೆಯೇ 2010ರಲ್ಲಿ ಹಿಂದೆಗೆದುಕೊಂಡಿತು. ಆದ್ದರಿಂದ ತಾಯಿಯನ್ನೂ ದೂರಬೇಡಿ, ಲಸಿಕೆಯನ್ನೂ ತಪ್ಪಿಸಬೇಡಿ.

ಇಲಿಯ ಪೆಟ್ಟಿಗೆಯಿಂದ ಮಗುವಿನ ಮನೆಗೆ

ಬಿ.ಎಡ್. ಓದಿದವರಿಗೆಲ್ಲ ಸ್ಕಿನ್ನರನ ಪೆಟ್ಟಿಗೆಯ ಇಲಿ ನೆನಪಿರುತ್ತದೆ. ಸನ್ನೆ ಒತ್ತಿದಾಗ ಆಹಾರ ಸಿಕ್ಕಿದರೆ ಇಲಿ ಮತ್ತೆ ಮತ್ತೆ ಒತ್ತುತ್ತದೆ. ಒಂದು ವರ್ತನೆಯ ಬೆನ್ನಿಗೆ ಹಿತವಾದ ಫಲ ದೊರೆತರೆ ಆ ವರ್ತನೆ ಬಲಗೊಳ್ಳುತ್ತದೆ, ಇದೇ ಪುನರ್ಬಲನ. ವರ್ತನಾ ಚಿಕಿತ್ಸೆಯ ಬುಡದಲ್ಲಿರುವುದು ಈ ಸರಳ ತತ್ವ.

ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಐವಾರ್ ಲೋವಾಸ್ ಇದನ್ನು ಆಟಿಸಂ ಇರುವ ಪುಟ್ಟ ಮಕ್ಕಳಿಗೆ ಅನ್ವಯಿಸಿದರು. 19 ಮಕ್ಕಳಿಗೆ ವಾರಕ್ಕೆ 40 ಗಂಟೆಯಂತೆ ಎರಡು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಒಬ್ಬೊಬ್ಬರಿಗೇ ಕಲಿಸಿದಾಗ ಅವರಲ್ಲಿ 9 ಮಂದಿ ಸಾಮಾನ್ಯ ಶಾಲೆಯ ಒಂದನೇ ತರಗತಿಯನ್ನು ಮುಗಿಸಿದರೆಂದು 1987ರಲ್ಲಿ ಪ್ರಕಟಿಸಿದರು. ಜಗತ್ತಿನ ಹೆತ್ತವರಿಗೆ ಆಸೆ ಚಿಗುರಿತು. ಆದರೆ ಮಕ್ಕಳನ್ನು ಗುಂಪುಗಳಿಗೆ ಚೀಟಿ ಎತ್ತಿ ಹಂಚಿರಲಿಲ್ಲ, ಆದ್ದರಿಂದ ಫಲಿತಾಂಶವನ್ನು ಹಾಗೆಯೇ ನಂಬುವಂತಿಲ್ಲ ಎಂದು ಟೀಕಾಕಾರರು ಹೇಳಿದರು. ಇನ್ನೊಂದು ವಿಷಯ ಹೆಚ್ಚು ಗಂಭೀರವಾದದ್ದು: ಆ ಕ್ರಮದಲ್ಲಿ ಗದರಿಸುವುದೂ ತೊಡೆಗೆ ಹೊಡೆಯುವುದೂ ಸೇರಿತ್ತು. ಇಂದಿನ ಒಳ್ಳೆಯ ಚಿಕಿತ್ಸಕರು ಶಿಕ್ಷೆಯನ್ನು ಬಿಟ್ಟಿದ್ದಾರೆ. ಆಟದ ನಡುವೆ, ಮಗುವಿನ ಆಸಕ್ತಿಯ ಬೆನ್ನು ಹಿಡಿದು ಕಲಿಸುವ ಕ್ರಮಗಳು ಬಂದಿವೆ.

ನಲವತ್ತು ಗಂಟೆಯ ಲೆಕ್ಕ

ವಾರಕ್ಕೆ 40 ಗಂಟೆ ಎಂದರೆ ನಮ್ಮ ಹೈಸ್ಕೂಲಿನ ಹುಡುಗ ಕೇಳುವ ಪಾಠಕ್ಕಿಂತ ಹೆಚ್ಚು. ಮಣಿಪಾಲದ ಆಸ್ಪತ್ರೆಯಲ್ಲಿ ತಜ್ಞರಿದ್ದಾರೆ, ನಿಜ. ಆದರೆ ಕಾರ್ಕಳದ ಒಳಊರಿನ ತಾಯಿ ಮಗುವನ್ನೆತ್ತಿಕೊಂಡು ಎರಡು ಬಸ್ಸು ಬದಲಿಸಿ ಬರಬೇಕು. ತಿರುವುಗಳಲ್ಲಿ ಮಗು ವಾಂತಿ ಮಾಡುತ್ತದೆ, ಬಸ್ಸಿನ ಹಾರ್ನಿಗೆ ಬೆಚ್ಚಿ ಕಿರುಚುತ್ತದೆ, ಸಹಪ್ರಯಾಣಿಕರು ತಿರುಗಿ ನೋಡುತ್ತಾರೆ. ಮುಕ್ಕಾಲು ಗಂಟೆಯ ತರಬೇತಿಗೆ ಒಂದು ದಿನದ ಸಂಬಳ ಹೋಗುತ್ತದೆ. ಕಾಪುವಿನ ಮೀನುಗಾರರ ಮನೆಯಲ್ಲಿ ತಂದೆ ಬೋಟಿಗೆ ಹೋದರೆ ದಿನಗಟ್ಟಲೆ ಬಾರದಿದ್ದಾಗ ಎಲ್ಲವೂ ತಾಯಿಯ ಮೇಲೆಯೇ. ಹೀಗಿರುವಾಗ ಮೂರನೆಯ ತಿಂಗಳಿಗೆ ಬರುವುದು ನಿಂತರೆ ಯಾರನ್ನು ದೂರಬೇಕು?

ಈ ಪ್ರಶ್ನೆಗೆ ಉತ್ತರ ಹುಡುಕಿದವರು ನಮ್ಮ ನೆರೆಯ ಗೋವೆಯಲ್ಲಿಯೇ ಇದ್ದಾರೆ. ಅಲ್ಲಿನ 'ಸಂಗಾತ್' ಸಂಸ್ಥೆಯವರು ಮತ್ತು ಪಾಕಿಸ್ತಾನದ ರಾವಲ್ಪಿಂಡಿಯವರು ಬ್ರಿಟನ್ನಿನ ತಜ್ಞರೊಡನೆ ಸೇರಿ 65 ಮಕ್ಕಳ ಮೇಲೆ ನಡೆಸಿದ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಇಲ್ಲಿ ಕಲಿಸಿದ್ದು ಮಗುವಿಗಲ್ಲ, ಹೆತ್ತವರಿಗೆ. ಕಲಿಸಿದವರು ತಜ್ಞ ವೈದ್ಯರಲ್ಲ, ತರಬೇತಿ ಪಡೆದ ಸಾಮಾನ್ಯ ಆರೋಗ್ಯ ಕಾರ್ಯಕರ್ತರು. ತಾಯಿ ಮಗುವಿನೊಡನೆ ಆಡುವುದನ್ನು ವಿಡಿಯೊ ಮಾಡಿ, ಒಟ್ಟಿಗೆ ಕುಳಿತು ನೋಡಿ, ಎಲ್ಲಿ ಮಗು ಸ್ಪಂದಿಸಿತು ಎಂದು ತೋರಿಸಿಕೊಟ್ಟರು. ಆರು ತಿಂಗಳಲ್ಲಿ ಒಟ್ಟು 12 ಪಾಠ. ಹೆತ್ತವರು ಮಗುವಿನ ಗತಿಗೆ ಹೊಂದಿಕೊಂಡು ನಡೆಯುವುದೂ ಮಗು ತಾನಾಗಿ ಸಂಪರ್ಕಕ್ಕೆ ಬರುವುದೂ ಹೆಚ್ಚಿತು. ಇಬ್ಬರೂ ಒಂದೇ ವಸ್ತುವಿನಲ್ಲಿ ಗಮನವಿಟ್ಟ ಕಾಲ ಮಾತ್ರ ಕಡಿಮೆಯಾಯಿತು. ಎಲ್ಲವೂ ಮೇಲಾಯಿತು ಎನ್ನುವಂತಿಲ್ಲ, ಆದರೆ ದಾರಿ ಇದೆ ಎಂದು ತೋರಿತು. ವಿಶ್ವ ಆರೋಗ್ಯ ಸಂಸ್ಥೆಯೂ ಎರಡರಿಂದ ಒಂಬತ್ತು ವರ್ಷದ ಮಕ್ಕಳ ಪಾಲಕರಿಗಾಗಿ ಒಂಬತ್ತು ಗುಂಪು ತರಗತಿ ಮತ್ತು ಮೂರು ಮನೆಭೇಟಿಗಳ ಕಾರ್ಯಕ್ರಮವೊಂದನ್ನು ರೂಪಿಸಿದೆ.

ಮನೆಯ ಪಾಠ ಹೇಗೆ?

ಮೊದಲನೆಯದು ನೋಟ್‌ಬುಕ್ಕು. ಅದರಲ್ಲಿ ಮೂರು ಕಾಲಂ ಎಳೆಯಿರಿ: ಮೊದಲು ಏನು ನಡೆಯಿತು, ಮಗು ಏನು ಮಾಡಿತು, ಅನಂತರ ಏನಾಯಿತು. ಮಗು ಮೊಬೈಲಿಗಾಗಿ ನೆಲಕ್ಕೆ ತಲೆ ಚಚ್ಚುತ್ತದೆ ಎಂದಿಟ್ಟುಕೊಳ್ಳಿ. ಒಂದು ವಾರ ಬರೆದು ನೋಡಿದರೆ, ಪ್ರತಿ ಸಲವೂ ತಲೆ ಚಚ್ಚಿದ ಮೇಲೆಯೇ ಮೊಬೈಲು ಕೈಗೆ ಬಂದಿದೆ ಎಂದು ಕಾಣಬಹುದು. ಹಾಗಿದ್ದರೆ ಮಗು ಹಟಮಾರಿಯಲ್ಲ, ತನಗೆ ಗೊತ್ತಿರುವ ಒಂದೇ ಭಾಷೆಯಲ್ಲಿ ಕೇಳುತ್ತಿದೆ. ಕೇಳುವ ಬೇರೆ ಬಗೆಯನ್ನು ಕಲಿಸಬೇಕು: ಬೆರಳು ತೋರಿಸುವುದು, ಚಿತ್ರ ಕೊಡುವುದು ಅಥವಾ 'ಕೊಡು' ಎನ್ನುವುದು. ಹಾಗೆ ಕೇಳಿದಾಗ ಕೂಡಲೇ ಕೊಡಿ. ಅರ್ಧ ಗಂಟೆ ಬಿಟ್ಟು ಕೊಟ್ಟರೆ ಯಾವುದಕ್ಕೆ ಸಿಕ್ಕಿತೆಂದು ಮಗುವಿಗೆ ತಿಳಿಯುವುದಿಲ್ಲ. ತಲೆಗೆ ಪೆಟ್ಟಾಗುವಂತಿದ್ದರೆ ಮಾತ್ರ ಮನೆಮಟ್ಟಿಗೆ ಬಿಡದೆ ತಜ್ಞರಿಗೆ ತೋರಿಸಿ.

ಎರಡನೆಯದು, ದೊಡ್ಡ ಕೆಲಸವನ್ನು ಚಿಕ್ಕ ತುಂಡು ಮಾಡುವುದು. ಚಡ್ಡಿ ಹಾಕುವುದು ನಮಗೆ ಒಂದು ಕೆಲಸ. ಮಗುವಿಗೆ ಅದು ಆರೇಳು ಕೆಲಸ. ಎಲ್ಲವನ್ನೂ ನೀವೇ ಮಾಡಿ, ಸೊಂಟದವರೆಗೆ ಎಳೆಯುವ ಕೊನೆಯ ಹಂತವನ್ನು ಮಾತ್ರ ಮಗುವಿಗೆ ಬಿಡಿ. ಮುಗಿಸಿದ ಸಂತೋಷ ಅದರದ್ದಾಗುತ್ತದೆ. ಅದು ಬಂದ ಮೇಲೆ ಕೊನೆಯ ಎರಡು ಹಂತ. ಹೀಗೆ ಹಿಂದಿನಿಂದ ಮುಂದಕ್ಕೆ.

ಮೂರನೆಯದು, ಮುಂದೇನೆಂದು ತೋರಿಸುವುದು. ಹಲ್ಲುಜ್ಜುವುದು, ದೋಸೆ, ಬಸ್ಸು, ಅಂಗನವಾಡಿ ಎಂದು ನಾಲ್ಕು ಚಿತ್ರ ಬರೆದು ಗೋಡೆಗೆ ಅಂಟಿಸಿದರೆ ದಿನ ಹೇಗೆ ಸಾಗುತ್ತದೆಂದು ಮಗುವಿಗೆ ಗೊತ್ತಾಗುತ್ತದೆ. ಜಾತ್ರೆಗೋ ಯಕ್ಷಗಾನಕ್ಕೋ ಹೋಗುವುದಿದ್ದರೆ ಚೆಂಡೆ ಮತ್ತು ಗರ್ನಾಲಿನ ಸದ್ದು ಇರುತ್ತದೆಂದು ಮೊದಲೇ ತಿಳಿಸಿ, ದೂರ ನಿಲ್ಲಿ, ಕಿವಿ ಮುಚ್ಚಿಕೊಂಡರೆ ಮುಚ್ಚಿಕೊಳ್ಳಲಿ.

ಇದಕ್ಕೆ ಬೇರೆ ಕೋಣೆ, ಬೇರೆ ಆಟಿಕೆ ಬೇಕಾಗಿಲ್ಲ. ತೆಂಗಿನ ಗರಿ, ಬಾವಿಕಟ್ಟೆ, ಅಕ್ಕಿ ಅಳೆಯುವ ಸೇರು ಎಲ್ಲವೂ ಪಾಠೋಪಕರಣಗಳೇ. ಹತ್ತು ನಿಮಿಷದಂತೆ ದಿನಕ್ಕೆ ನಾಲ್ಕೈದು ಸಲ, ಸ್ನಾನದಲ್ಲಿ, ಊಟದಲ್ಲಿ, ಆಟದಲ್ಲಿ ನಡೆದರೆ ಕಲಿತದ್ದು ಬದುಕಿಗೆ ಅಂಟಿಕೊಳ್ಳುತ್ತದೆ. ಆದರೆ ತಜ್ಞರ ಮಾರ್ಗದರ್ಶನವಿಲ್ಲದೆ, ಕೇವಲ ಲೇಖನ ಓದಿ ಮಾಡುವ ಕೆಲಸ ಇದಲ್ಲ. ತಿಂಗಳಿಗೆ ಒಂದೆರಡು ಸಲವಾದರೂ ತೋರಿಸಿ ಮುಂದಿನ ಗುರಿ ನಿಗದಿ ಮಾಡಿಸಿಕೊಳ್ಳಬೇಕು.

ಯಾವ ಭಾಷೆಯಲ್ಲಿ?

ನಮ್ಮ ಜಿಲ್ಲೆಯಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ. ಮನೆಯಲ್ಲಿ ತುಳುವಿನ 'ನೀರ್', ಅಂಗನವಾಡಿಯಲ್ಲಿ ಕನ್ನಡದ 'ನೀರು', ನೆರೆಮನೆಯಲ್ಲಿ ಕೊಂಕಣಿಯ 'ಉದಾಕ್', ಮೊಬೈಲಿನಲ್ಲಿ ಇಂಗ್ಲಿಷಿನ 'ವಾಟರ್'. ಮಗುವಿಗೆ ಗೊಂದಲವಾದೀತೆಂದು ಮನೆಮಾತು ಬಿಟ್ಟು ಬರಿಯ ಇಂಗ್ಲಿಷ್ ಆಡುವ ಹೆತ್ತವರಿದ್ದಾರೆ. ಎರಡು ಭಾಷೆ ಕೇಳಿ ಬೆಳೆಯುವುದರಿಂದ ಆಟಿಸಂ ಇರುವ ಮಕ್ಕಳ ಮಾತು ಹಿಂದುಳಿಯುವುದಿಲ್ಲ ಎಂದು ಈವರೆಗಿನ ಅಧ್ಯಯನಗಳು ಹೇಳುತ್ತವೆ. ತಾಯಿಗೆ ನಗು, ಮುದ್ದು, ಗದರಿಕೆ ಎಲ್ಲವೂ ಸಹಜವಾಗಿ ಬರುವುದು ಅವಳ ಭಾಷೆಯಲ್ಲೇ. ಅಜ್ಜಿಯ ಮಾತು ಮಗುವಿಗೆ ತಿಳಿಯದೆ ಹೋದರೆ ನಷ್ಟ ಮಗುವಿನದೇ.

ಮಗುವನ್ನು ಅಚ್ಚಿಗೆ ಹಾಕಬೇಡಿ

ವರ್ತನಾ ಚಿಕಿತ್ಸೆಯ ಮೇಲೆ ಬಲವಾದ ಆಕ್ಷೇಪವೊಂದಿದೆ. ಅದನ್ನು ಎತ್ತಿದವರು ಸ್ವತಃ ಆಟಿಸಂ ಇರುವ ದೊಡ್ಡವರು. ತಮ್ಮನ್ನು ಇತರರಂತೆ ಕಾಣಿಸಲು ತರಬೇತು ಮಾಡಿದರು, ಒಳಗಿನ ಸಂಕಟ ಕೇಳಲಿಲ್ಲ ಎನ್ನುತ್ತಾರೆ ಅವರಲ್ಲಿ ಹಲವರು. ಈ ಮಾತನ್ನು ತಳ್ಳಿಹಾಕುವಂತಿಲ್ಲ. ಸಂತೋಷವಾದಾಗ ಮಗು ಕೈ ಬೀಸಿದರೆ ಯಾರಿಗೂ ನೋವಿಲ್ಲ, ಬೀಸಲಿ ಬಿಡಿ. ಕಣ್ಣಿಗೆ ಕಣ್ಣಿಟ್ಟು ನೋಡೆಂದು ಗಲ್ಲ ಹಿಡಿದು ತಿರುಗಿಸಬೇಡಿ. ಹಸಿವು, ನೋವು, ಬೇಡ ಎಂಬುದನ್ನು ತಿಳಿಸಲು ಬರುವುದು, ಶೌಚ, ಸ್ನಾನ, ಊಟ ತಾನೇ ಮಾಡುವುದು, ರಸ್ತೆ ದಾಟುವಾಗ ನಿಲ್ಲುವುದು: ಗುರಿಗಳು ಇವು. ಮಗು ಪ್ರತಿ ಪಾಠಕ್ಕೂ ಅತ್ತು ಓಡುತ್ತಿದ್ದರೆ ಬದಲಾಗಬೇಕಾದದ್ದು ಪಾಠ.

ಎಲ್ಲಿ ಹೋಗಬೇಕು?

ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯಲ್ಲಿ ಮಕ್ಕಳ ವಿಭಾಗ, ಮಾತು ಮತ್ತು ಶ್ರವಣ, ಚಿಕಿತ್ಸಾ ಮನಃಶಾಸ್ತ್ರ ಮುಂತಾದ ವಿಭಾಗಗಳಿವೆ. ಉಡುಪಿಯ ಆಶಾ ನಿಲಯ, ಕಾಪು ಕಡೆಯವರಿಗೆ ಪಾಂಬೂರಿನ ಮಾನಸ, ಕಾರ್ಕಳದ ವಿಜೇತದಂಥ ವಿಶೇಷ ಶಾಲೆಗಳು ಪರಿಚಿತವೇ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಂತೆ ಅಂಗನವಾಡಿ ಮತ್ತು ಶಾಲೆಗಳಿಗೇ ತಪಾಸಣೆಯ ತಂಡ ಬರುತ್ತದೆ. ಬಂದ ದಿನ ಸಂಶಯವನ್ನು ಮುಚ್ಚಿಡದೆ ಹೇಳಿ. ಹೆಚ್ಚಿನ ಸಲಹೆಗೆ ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗಳಿವೆ.

1995ರ ಅಂಗವಿಕಲರ ಕಾಯಿದೆಯ ಏಳು ವರ್ಗಗಳಲ್ಲಿ ಆಟಿಸಂ ಇರಲಿಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯಿದೆ ಅದನ್ನು ಹೆಸರಿಸಿತು, 2016ರ ಕಾಯಿದೆಯ 21 ವರ್ಗಗಳಲ್ಲಿ ಅದೂ ಸೇರಿತು. ಪ್ರಮಾಣಪತ್ರ ಮಾಡಿಸಿದರೆ ಯುಡಿಐಡಿ ಕಾರ್ಡು, ಒಂದು ಲಕ್ಷ ರೂಪಾಯಿವರೆಗಿನ 'ನಿರಾಮಯ' ಆರೋಗ್ಯ ವಿಮೆ, ಪರೀಕ್ಷೆಗಳಲ್ಲಿ ರಿಯಾಯಿತಿ ಪಡೆಯುವ ಹಾದಿ ತೆರೆಯುತ್ತದೆ. ಮದುವೆ ಸಂಬಂಧಕ್ಕೆ ಅಡ್ಡಿಯಾದೀತೆಂದು ಕಾರ್ಡು ಮಾಡಿಸದ ಮನೆಗಳಿವೆ. ಕಾರ್ಡು ಇಲ್ಲದ ಮಾತ್ರಕ್ಕೆ ಕಷ್ಟ ಇಲ್ಲವಾಗುವುದಿಲ್ಲ, ನೆರವು ಮಾತ್ರ ಇಲ್ಲವಾಗುತ್ತದೆ.

ಆಟಿಸಂ 'ಗುಣಪಡಿಸುವ' ಜಾಹೀರಾತುಗಳಿಂದ ದೂರವಿರಿ. ಕಾಂಡಕೋಶ ಚಿಕಿತ್ಸೆಗೆ ಜಮೀನು ಮಾರಿದವರೂ ಇದ್ದಾರೆ. ಆಟಿಸಂಗೆ ಅದು ಅಂಗೀಕೃತ ಚಿಕಿತ್ಸೆಯಲ್ಲ. ಮನೆಗೆ ಬರುವ ವಿಶೇಷ ಶಿಕ್ಷಕರಲ್ಲಿ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇದೆಯೇ ಎಂದು ಸಂಕೋಚವಿಲ್ಲದೆ ಕೇಳಿ. ತರಬೇತಿಯ ಹೊತ್ತಿನಲ್ಲಿ ಹೆತ್ತವರು ಹೊರಗಿರಬೇಕೆನ್ನುವವರನ್ನು ಒಪ್ಪಬೇಡಿ.

ವಿದ್ಯಾರ್ಥಿಗಳೇ, ನಿಮಗೂ ಎರಡು ಮಾತು

ನಿಮ್ಮ ತರಗತಿಯಲ್ಲಿ ಒಂದೇ ಪ್ರಶ್ನೆಯನ್ನು ಹತ್ತು ಸಲ ಕೇಳುವ, ಬೆಲ್ಲಿನ ಸದ್ದಿಗೆ ಕಿವಿ ಮುಚ್ಚುವ ಹುಡುಗನಿದ್ದರೆ ಅವನನ್ನು ಅಣಕಿಸಬೇಡಿ. ಚಿಕ್ಕ ವಾಕ್ಯದಲ್ಲಿ ಮಾತಾಡಿ, ಉತ್ತರಕ್ಕೆ ಕಾಯಿರಿ, ಆಟದ ನಿಯಮವನ್ನು ಮಾಡಿ ತೋರಿಸಿ. ಮೂವತ್ತು ವರ್ಷ ಪಾಠ ಮಾಡಿದವನಾಗಿ ಹೇಳುತ್ತೇನೆ, ಇಂಥ ಮಕ್ಕಳಿಗೆ ನಮಗಿಂತ ಚೆನ್ನಾಗಿ ಕಲಿಸುವವರು ಬೆಂಚಿನ ಪಕ್ಕದವರು. ಅಣ್ಣನೋ ತಂಗಿಯೋ ಹಾಗಿದ್ದರೆ ನಾಚಿಕೊಳ್ಳುವುದು ಬೇಡ. ನಿಮಗೆ ಬೇಸರವಾದರೆ ಮನೆಯಲ್ಲಿ ಹೇಳಿ, ಬೇಸರಪಡುವುದು ತಪ್ಪಲ್ಲ.

ಕೊನೆಯದಾಗಿ ಮನೆಯ ಗಂಡಸರಿಗೆ ಮತ್ತು ಬಂಧುಗಳಿಗೆ. ಮನೆಯ ಪಾಠ ಎಂದರೆ ತಾಯಿಯ ಪಾಠ ಎಂದು ಅರ್ಥವಾಗಬಾರದು. ಕೆಲಸ ಬಿಟ್ಟು, ಮದುವೆ ಮುಂಜಿ ಬಿಟ್ಟು, ನಿದ್ದೆ ಬಿಟ್ಟು ದುಡಿಯುವ ತಾಯಿ ಎಷ್ಟು ಕಾಲ ತಡೆದಾಳು? ವಾರಕ್ಕೆ ಎರಡು ಸಂಜೆ ತಂದೆಯೋ ಚಿಕ್ಕಮ್ಮನೋ ಮಾವನೋ ನೋಟ್‌ಬುಕ್ಕು ಹಿಡಿದು ಕುಳಿತುಕೊಳ್ಳಲಿ. ಆ ಹೊತ್ತು ತಾಯಿ ಕಡಲ ಬದಿಗೆ ಹೋಗಿ ಬರಲಿ, ಇಲ್ಲವೇ ಸುಮ್ಮನೆ ಮಲಗಲಿ. ಮಗುವಿಗೂ ಅದರಿಂದ ಲಾಭವೇ: ಅಮ್ಮನಲ್ಲಿ ಕೇಳಿದಂತೆ ಇತರರಲ್ಲೂ ನೀರು ಕೇಳಬಹುದೆಂದು ಅದು ಕಲಿಯುತ್ತದೆ.