ಮಾಗಡಿ ಹಿತ್ತಲಿಗೆ ಜಪಾನಿನ ಹೂವು: ಗಿಡ ತರೋ ಮುಂಚೆ ಹಂಡೆ ನೋಡಿ!

ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನ ಮುಗಿಸಿ ಮಾಗಡಿ ಬಸ್ಸು ಹತ್ತುವವರ ತೊಡೆ ಮೇಲೆ ಒಂದು ಕುಂಡ ಇದ್ದೇ ಇರುತ್ತೆ. ದಾಸವಾಳವೋ ಕ್ರೋಟನ್ನೋ ಆದರೆ ಚಿಂತೆಯಿಲ್ಲ, ಹೆಂಗಿಟ್ಟರೂ ಬದುಕುತ್ತೆ. ಅಜೇಲಿಯಾ ಆದರೆ ಮಾತ್ರ ಸ್ವಲ್ಪ ನಿಲ್ಲಿ. ಮೈತುಂಬ ಹೂ ಬಿಟ್ಟ ಗಿಡ ಮನೆಗೆ ಬಂದ ಕೆಲವೇ ತಿಂಗಳಲ್ಲಿ ಹಳದಿಗಟ್ಟಿ ಒಣಗಿತು ಅಂದರೆ, ಕೊಟ್ಟ ಕಾಸೂ ಹೋಯಿತು, ಮಮತೆಯೂ ಹೋಯಿತು.

ಜಪಾನಿನ ಸರಕು ನಮ್ಮ ಸೀಮೆಗೆ ಹೊಸದೇನಲ್ಲ. ಚನ್ನಪಟ್ಟಣದ ಗೊಂಬೆಗೆ ಜಪಾನಿನ ಅರಗಿನ ಕೆಲಸ ಕಲಿತು ಬಂದು ಹೊಸ ರೂಪ ಕೊಟ್ಟವರು ಬಾವಸ್ ಮಿಯಾ. 1991ರಲ್ಲಿ ಜಪಾನ್ ನೆರವಿನ ಯೋಜನೆ ಶುರುವಾದ ಮೇಲೆ ದ್ವಿತಳಿ ರೇಷ್ಮೆಗೂ ಬಲ ಬಂತು. ಎರಡೂ ನಮ್ಮ ನೆಲಕ್ಕೆ ಒಗ್ಗಿಸಿಕೊಂಡ ಮೇಲೇ ನಿಂತವು. ಹೂವಿನ ಗಿಡಕ್ಕೂ ಅದೇ ಮಾತು.

ಹಳೇ ಕಾಲದ ಹುಚ್ಚು

ಜಪಾನಿನವರಿಗೆ ಅಜೇಲಿಯಾ ಹುಚ್ಚು ಹಿಡಿದು ಮುನ್ನೂರು ವರ್ಷದ ಮೇಲಾಯಿತು. ಎಡೋ ನಗರದ, ಅಂದರೆ ಇಂದಿನ ಟೋಕಿಯೋದ, ಗಿಡ ಮಾರುವ ಇಟೋ ಇಹೇ ಎಂಬಾತ 1692ರಲ್ಲೇ ನೂರಾರು ತಳಿಗಳ ಚಿತ್ರ ಹಾಕಿ ಪುಸ್ತಕ ತಂದಿದ್ದ. 1918ರಲ್ಲಿ ಸಸ್ಯಶೋಧಕ ವಿಲ್ಸನ್ ಕುರುಮೆ ಊರಿಗೆ ಹೋಗಿ 50 ತಳಿ ಆರಿಸಿ ಅಮೆರಿಕಕ್ಕೆ ತರಿಸಿಕೊಂಡ. ಜಪಾನಿನ ಅಜೇಲಿಯಾಗಳಲ್ಲಿ ಒಂದು ವಿಚಿತ್ರ ಜಾತಿ ಇದೆ. ಎಸಳು ಅಗಲವಿಲ್ಲ, ಜೇಡರ ಕಾಲಿನಂತೆ ಸಣ್ಣ ಪಟ್ಟಿ. 'ಕೊರೊಮೊ ಶಿಕಿಬು' ಅಂತ ಹೆಸರು, ತಿಳಿ ನೇರಳೆ ಬಣ್ಣ. ಇಂಥ ಹಳೇ ತಳಿಯನ್ನು ಬೀಜದಿಂದ ಹಾಗೇ ಎತ್ತಲಾಗದು. ಕಡ್ಡಿ ಕತ್ತರಿಸಿ ಬೇರು ಬರಿಸಿಯೇ ಉಳಿಸಬೇಕು.

ಆದ್ದರಿಂದ 'ನೀಲಿ ಅಜೇಲಿಯಾ ಬೀಜ' ಅಂತ ಮೊಬೈಲಿನಲ್ಲಿ ಬಣ್ಣದ ಚಿತ್ರ ತೋರಿಸಿದರೆ ದುಡ್ಡು ಕಳಿಸಬೇಡಿ. ಜಪಾನಿನ ಅಜೇಲಿಯಾದಲ್ಲಿ ಅಪ್ಪಟ ನೀಲಿ ಎಂಬುದೇ ಇಲ್ಲ. ಕುಂಡದಲ್ಲಿ ಮಾರುವ ದೊಡ್ಡ ಹೂವಿನ ಗಿಡಗಳಲ್ಲೂ ಬಹುಪಾಲು ಚೀನಾ ಮೂಲದವು, ಬೆಲ್ಜಿಯಂನಲ್ಲಿ ತಿದ್ದಿದವು. ಚೀಟಿಯಲ್ಲಿ 'ಜಪಾನ್' ಅಂತ ಬರೆದ ಮಾತ್ರಕ್ಕೆ ಜಪಾನಿನದಾಗಲ್ಲ.

ಕೊಲ್ಲೋದು ಬಿಸಿಲಲ್ಲ, ಸುಣ್ಣ

ಅಜೇಲಿಯಾಕ್ಕೆ ಹುಳಿ ಮಣ್ಣು ಬೇಕು. ಸುಣ್ಣದಂಶ ಕಂಡರೆ ಆಗದು. ನಿಮ್ಮ ಮನೆ ಸ್ನಾನದ ಹಂಡೆಯೊಳಗೆ ಬಿಳಿ ಪೊರೆ ಕಟ್ಟುತ್ತಾ? ಹಾಗಿದ್ದರೆ ಆ ಬೋರ್‌ವೆಲ್ ನೀರು ಈ ಗಿಡಕ್ಕೆ ನಿಧಾನ ವಿಷ. ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಬೇರು ಹೀರಲಾರದು. ಎಲೆ ಹಳದಿಯಾಗಿ ನರ ಮಾತ್ರ ಹಸಿರು ಉಳಿದರೆ ಅದೇ ಗುರುತು. ಗ್ರಂದಿಗೆ ಅಂಗಡಿಯ ಅನ್ನಭೇದಿ ಒಂದು ಚಿಟಿಕೆ ಹಾಕಿದರೆ ತುಸು ಚೇತರಿಕೆ ಕಾಣಬಹುದು, ಆದರೆ ನೀರು ಬದಲಾಗದೆ ರೋಗ ಹೋಗಲ್ಲ.

ದಾರಿ ಏನು? ಮಳೆ ನೀರು. ಹೆಂಚಿನ ಮೇಲಿಂದ ಇಳಿಯೋದನ್ನು ಡ್ರಮ್ಮಿಗೆ ಹಿಡಿದಿಡಿ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ನಮ್ಮ ಕಡೆ ಒಳ್ಳೇ ಮಳೆ. ಒಂದೆರಡು ಕುಂಡಕ್ಕೆ ಬೇಸಿಗೆವರೆಗೂ ಬರುತ್ತೆ. ಕುಂಡಕ್ಕೆ ನಮ್ಮ ಕೆಂಪು ಮಣ್ಣು ಸ್ವಲ್ಪ, ತೆಂಗಿನ ನಾರಿನ ಪುಡಿ ಮತ್ತು ಕೊಳೆತ ಎಲೆಗೊಬ್ಬರ ಹೆಚ್ಚು. ಒಲೆ ಬೂದಿ, ಮೊಟ್ಟೆ ಚಿಪ್ಪು ಬೇಡವೇ ಬೇಡ. ಅವೆರಡೂ ಸುಣ್ಣದ ಬಳಗ. ಬೇರು ನೆಲದ ಮೇಲ್ಪದರದಲ್ಲೇ ಹರಡುತ್ತೆ, ಕೆದಕಬೇಡಿ. ನೀರು ನಿಲ್ಲಲೂ ಬಾರದು, ಪೂರಾ ಒಣಗಲೂ ಬಾರದು. ಬೆಳಗಿನ ಬಿಸಿಲು ಸಾಕು, ಮಧ್ಯಾಹ್ನಕ್ಕೆ ಹೊಂಗೆ ಮರದ ನೆರಳು.

ಇಷ್ಟೆಲ್ಲ ಮಾಡಿದರೂ ಊಟಿಯ ಹೂವು ಮಾಗಡಿಯಲ್ಲಿ ಬಿಡುತ್ತಾ? ಅಷ್ಟು ಬಿಡಲ್ಲ ಸ್ವಾಮಿ. ಮೊಗ್ಗು ಅರಳಲು ಇದಕ್ಕೆ ಚಳಿ ಬೇಕು. ಡಿಸೆಂಬರ್, ಜನವರಿಯ ಇಬ್ಬನಿ ರಾತ್ರಿಗಳೇ ನಮ್ಮ ಬಂಡವಾಳ, ಆಗ ಕುಂಡವನ್ನು ಒಳಗಿಡದೆ ಬಯಲಲ್ಲಿಡಿ.

ಮೇಕೆ ಇದ್ದವರು ಎಚ್ಚರ

ಅಂಗಡಿಯವರು ಹೇಳದ ಮಾತೊಂದಿದೆ. ಅಜೇಲಿಯಾದ ಎಲೆ, ಹೂವು ಎಲ್ಲ ವಿಷ. ಮೇಕೆ, ಕುರಿ, ದನ ಮೇಯ್ದರೆ ಜೊಲ್ಲು ಸುರಿಸಿ, ವಾಂತಿ ಮಾಡಿ, ಕಾಲು ಸೋತು ಬೀಳುತ್ತವೆ, ಸಾಯುವುದೂ ಉಂಟು. ಬೇಲಿ ಇಲ್ಲದ ಹಿತ್ತಲಲ್ಲಿ, ಬೀದಿ ಮೇಕೆ ಬಾಯಿ ಹಾಕುವ ಜಗಲಿಯಲ್ಲಿ ಇಡಲೇಬೇಡಿ. ಕತ್ತರಿಸಿದ ರೆಂಬೆ ತಿಪ್ಪೆಗೂ ಎಸೆಯಬೇಡಿ. ದನ ಮೇಯ್ದದ್ದು ಕಂಡರೆ ನಾಟಿ ಔಷಧಿ ಅಂತ ಹೊತ್ತು ಕಳೆಯದೆ ಪಶು ವೈದ್ಯರನ್ನು ಕರೆಯಿರಿ. ಮಕ್ಕಳು ಹೂ ಕಿತ್ತು ಬಾಯಿಗೆ ಹಾಕದಂತೆಯೂ ನೋಡಿಕೊಳ್ಳಿ.

ಮಳೆ ನೀರು ಹಿಡಿಯೋ ಡ್ರಮ್ಮು, ಮರದ ನೆರಳು, ಬಾಗಿಲಿರೋ ಕಾಂಪೌಂಡು ಮೂರೂ ಇದ್ದರೆ ಧಾರಾಳವಾಗಿ ತನ್ನಿ, ಅದೂ ಮೊದಲಿಗೆ ಒಂದೇ ಕುಂಡ. ಇಲ್ಲವಾದರೆ ಅದೇ ದುಡ್ಡಿಗೆ ಕನಕಾಂಬರ, ಸೇವಂತಿಗೆ ಹಾಕಿ. ಹೂವೂ ಸಿಕ್ಕೀತು, ಮೇಕೆಯೂ ಉಳಿದೀತು.