ಇದ್ದಿಲು, ಬದನೆಕಾಯಿ ಮತ್ತು ಎರಡು ದಿನಗಳ ಬಿಡುವು

ನಮ್ಮ ಮನೆಯ ಗೋಡೆ ಗಡಿಯಾರಕ್ಕೆ ಸದ್ದು ಇದೆ ಎಂಬ ಸಂಗತಿ ನನಗೆ ತಿಳಿದದ್ದು ಅರವತ್ತೇಳು ತುಂಬಿದ ಮೇಲೆ. ಅದೇ ಗೋಡೆಯ ಮೇಲೆ ಅದು ಇಪ್ಪತ್ತನಾಲ್ಕು ವರ್ಷಗಳಿಂದ ನೇತಾಡುತ್ತಿದೆ. ಕಳೆದ ಮೇ ತಿಂಗಳಲ್ಲಿ ನನ್ನ ಪತ್ನಿ ಮಗಳ ಬಾಣಂತನಕ್ಕೆಂದು ಅಮೆರಿಕದ ಡಲ್ಲಾಸ್ ನಗರಕ್ಕೆ ಹೊರಟುಹೋದಳು. ಆರು ತಿಂಗಳ ವಾಸ್ತವ್ಯಕ್ಕೆ ಅನುಮತಿ ಇದೆ. ಮಂಡಿಯ ಶಸ್ತ್ರಚಿಕಿತ್ಸೆ ಆಗಿ ವರ್ಷ ತುಂಬಿರಲಿಲ್ಲವಾದ್ದರಿಂದ ನಾನು ಇಲ್ಲಿಯೇ ಉಳಿದೆ. ಇದು ನಾನು ಎಲ್ಲರಿಗೂ ಹೇಳಿದ ಕಾರಣ. ಇನ್ನೊಂದು ಕಾರಣವೆಂದರೆ, ಒಂಟಿಯಾಗಿ ಇರುವುದು ಹೇಗೆಂದು ಒಮ್ಮೆ ನೋಡಬೇಕೆಂಬ ಕುತೂಹಲ. ಈ ವಯಸ್ಸಿನಲ್ಲಿ ಗಂಡ ಹೆಂಡಿರಲ್ಲಿ ಒಬ್ಬರಿಗೆ ಆ ಪರೀಕ್ಷೆ ಎಂದಾದರೂ ಬಂದೇ ಬರುತ್ತದೆ. ಅದರ ಪೂರ್ವಾಭ್ಯಾಸ ಮಾಡಿಕೊಂಡರೆ ನಷ್ಟವೇನು ಎಂದುಕೊಂಡಿದ್ದೆ.

ವಾರದ ಐದು ದಿನ ತೊಂದರೆಯಿಲ್ಲ. ಬೆಳಗಿನ ನಡಿಗೆ, ಬ್ಯಾಂಕು, ಗ್ರಂಥಾಲಯ, ನಿವೃತ್ತ ನೌಕರರ ಸಂಘದ ಮುಗಿಯದ ಸಭೆಗಳು. ಅಡುಗೆಯಾಕೆ ಬಂದು ಅಡುಗೆ ಮಾಡಿಟ್ಟು ಹೋಗುತ್ತಾಳೆ. ಆದರೆ ಶನಿವಾರ, ಭಾನುವಾರ ಆಕೆಗೆ ರಜೆ. ಇದು ನನಗೆ ಹೊಸ ವಿಷಯ. ಐದು ದಿನಗಳ ವಾರವನ್ನು ನಮ್ಮ ಮನೆಯಲ್ಲಿ ಎಂಟು ವರ್ಷಗಳ ಹಿಂದೆಯೇ ಜಾರಿಗೆ ತಂದವಳು ನನ್ನ ಪತ್ನಿ; ಆ ಆದೇಶದ ಪ್ರತಿ ಮಾತ್ರ ನನಗೆ ಬಂದಿರಲಿಲ್ಲ. ಹಾಗಾದರೆ ಇಷ್ಟು ವರ್ಷ ಶನಿವಾರ, ಭಾನುವಾರದ ಅಡುಗೆಯನ್ನು ಮಾಡುತ್ತಿದ್ದವರು ಯಾರು ಎಂದು ಓದುಗರು ಕೇಳಬಹುದು. ನಾನೂ ನನ್ನನ್ನು ಕೇಳಿಕೊಂಡೆ.

ವಾರದ ರಜೆ ಎಂಬುದು ನಾವು ಭಾವಿಸಿದಷ್ಟು ಹಳೆಯದಲ್ಲ, ತಾನಾಗಿ ಬಂದದ್ದೂ ಅಲ್ಲ. ಮುಂಬಯಿಯ ಗಿರಣಿ ಕಾರ್ಮಿಕರಿಗೆ ಭಾನುವಾರದ ಬಿಡುವು ಸಿಕ್ಕಿದ್ದು 1890ರ ಜೂನ್‌ನಲ್ಲಿ, ನಾರಾಯಣ ಮೇಘಾಜಿ ಲೋಖಂಡೆಯವರು ವರ್ಷಗಟ್ಟಲೆ ಹೋರಾಡಿದ ಮೇಲೆ. ಮರುವರ್ಷದ ಕಾರ್ಖಾನೆ ಕಾಯಿದೆಯಲ್ಲಿ ಅದು ಸೇರಿತು. ಕೇಂದ್ರ ಸರ್ಕಾರದ ಕಚೇರಿಗಳಿಗೆ ಐದು ದಿನಗಳ ವಾರ ಬಂದದ್ದು 1985ರಲ್ಲಿ. ಆಗ ನಾನು ರಾಜ್ಯ ಸರ್ಕಾರದ ಸೇವೆಗೆ ಸೇರಿ ಒಂದು ವರ್ಷವಾಗಿತ್ತು. ಕೇಂದ್ರ ಸರ್ಕಾರದಲ್ಲಿದ್ದ ಗೆಳೆಯರು ಶನಿವಾರ ಸಂತೆಗೆ ಹೋಗುತ್ತಿದ್ದಾಗ ನಾವು ಎರಡನೆಯ ಶನಿವಾರದ ದಾರಿ ಕಾಯುತ್ತಿದ್ದೆವು. ನಾನು 2018ರಲ್ಲಿ ನಿವೃತ್ತನಾದೆ. 2019ರಲ್ಲಿ ರಾಜ್ಯ ಸರ್ಕಾರ ನಾಲ್ಕನೆಯ ಶನಿವಾರವನ್ನೂ ರಜೆಯೆಂದು ಘೋಷಿಸಿತು. ಜೊತೆಗೆ ಹದಿನೈದು ಸಾಂದರ್ಭಿಕ ರಜೆಗಳನ್ನು ಹತ್ತಕ್ಕೆ ಇಳಿಸಿತು. ಸರ್ಕಾರ ಒಂದು ಕೈಯಲ್ಲಿ ಕೊಟ್ಟದ್ದನ್ನು ಇನ್ನೊಂದು ಕೈಯಲ್ಲಿ ಲೆಕ್ಕ ಹಾಕದೆ ಇರದು. ಅದೇನೇ ಇರಲಿ, ನನ್ನ ಸೇವಾವಧಿಯ ಭಾನುವಾರಗಳು ಮನೆಗೆ ತಂದ ಕಡತಗಳಲ್ಲಿ ಕಳೆದವು. ನಿವೃತ್ತಿಯ ನಂತರದ ಭಾನುವಾರಗಳು ಹೇಗೆ ಕಳೆದವು ಎಂಬುದು ನೆನಪಿನಲ್ಲಿಲ್ಲ. ಊಟದ ಹೊತ್ತಿಗೆ ಯಾರೋ ಕರೆಯುತ್ತಿದ್ದರು, ಹೋಗಿ ಕೂರುತ್ತಿದ್ದೆ.

ಜೂನ್ ಮೊದಲ ಶನಿವಾರ ಅಟ್ಟದ ಮೇಲೆ ಹಳೆಯ ಪಾಸ್‌ಪುಸ್ತಕವೊಂದನ್ನು ಹುಡುಕುತ್ತಿದ್ದಾಗ ನನ್ನ ತಾಯಿಯ ಅಗ್ಗಿಷ್ಟಿಕೆ ಕೈಗೆ ಸಿಕ್ಕಿತು. ಎರಕದ ಕಬ್ಬಿಣದ್ದು, ಒಂದು ಕಾಲು ಸ್ವಲ್ಪ ಸೊಟ್ಟಗಾಗಿತ್ತು. ಅದನ್ನು ಕೆಳಗಿಳಿಸಿ, ತೊಳೆದು, ತಾರಸಿಯ ಮೇಲೆ ಇಟ್ಟೆ. ಇದ್ದಿಲು ಎಲ್ಲಿ ಸಿಗುತ್ತದೆ ಎಂಬುದೇ ಮರೆತಿತ್ತು. ನಮ್ಮ ಬೀದಿಯ ತುದಿಯಲ್ಲಿ ಇಸ್ತ್ರಿ ಗಾಡಿ ಇಟ್ಟುಕೊಂಡಿರುವಾತನನ್ನು ಕೇಳಿದೆ. ಆತನ ಸುತ್ತಮುತ್ತಲಿನವರು ಅನಿಲದ ಇಸ್ತ್ರಿಪೆಟ್ಟಿಗೆಗೆ ಬದಲಾಗಿದ್ದಾರೆ, ಈತ ಇನ್ನೂ ಇದ್ದಿಲನ್ನೇ ನಂಬಿದ್ದಾನೆ. ‘ಯಾಕೆ ಸಾರ್, ಮನೇಲಿ ಗ್ಯಾಸ್ ಆಗೋಗಿದೆಯಾ?’ ಎಂದು ಕೇಳಿ, ಒಂದು ಕಾಗದದ ಚೀಲದ ತುಂಬ ಕೊಟ್ಟ. ದುಡ್ಡು ತೆಗೆದುಕೊಳ್ಳಲಿಲ್ಲ. ಬಳ್ಳಾರಿ ಜಾಲಿಯ ಇದ್ದಿಲು ಅದು ಎಂದೂ ಹೇಳಿದ. ಹತ್ತೊಂಬತ್ತನೆಯ ಶತಮಾನದಲ್ಲಿ ಹೊರದೇಶದಿಂದ ತಂದು ನೆಟ್ಟ ಈ ಗಿಡ ನಮ್ಮ ಒಣನಾಡಿನ ಗೋಮಾಳಗಳನ್ನೆಲ್ಲ ನುಂಗಿತೆಂದು ನಾವು ಎಷ್ಟೋ ಟಿಪ್ಪಣಿಗಳನ್ನು ಬರೆದಿದ್ದೆವು. ಅದರ ಇದ್ದಿಲಿನ ಗುಣದ ಬಗ್ಗೆ ಯಾವ ಟಿಪ್ಪಣಿಯಲ್ಲಿಯೂ ಒಂದು ಸಾಲು ಇರಲಿಲ್ಲ.

ಮೊದಲ ದಿನ ಸೋತೆ. ಬೆಂಕಿ ಹೊತ್ತಿದೊಡನೆ ಬದನೆಕಾಯಿ ಇಟ್ಟುಬಿಟ್ಟೆ. ಸಿಪ್ಪೆ ಸುಟ್ಟು ಒಳಗೆ ಹಸಿಯಾಗಿಯೇ ಉಳಿಯಿತು. ತಾಳ್ಮೆ ಬೇಕು. ಜ್ವಾಲೆ ಅಡಗಬೇಕು, ಇದ್ದಿಲಿನ ಮೇಲೆ ಬಿಳಿ ಬೂದಿಯ ತೆಳುಪದರ ಕೂರಬೇಕು, ಅದರಡಿಯಲ್ಲಿ ಕೆಂಪು ಕಾಣಬೇಕು. ಇದಕ್ಕೆ ಅರ್ಧ ಗಂಟೆಯಾದರೂ ಬೇಕು. ಕೆಂಡದ ಕಾವು ಜ್ವಾಲೆಯ ಕಾವಿನಂತೆ ಅತ್ತಿತ್ತ ಓಡುವುದಿಲ್ಲ; ಬಿಸಿಲಿನ ಹಾಗೆ ನೇರವಾಗಿ ಬಂದು ತಾಗುತ್ತದೆ. ಬದನೆಯಲ್ಲಿ ತೊಂಬತ್ತು ಭಾಗಕ್ಕಿಂತ ಹೆಚ್ಚು ನೀರು. ಸಿಪ್ಪೆ ಸುಡುತ್ತಿರುವಾಗ ಒಳಗಿನ ನೀರು ಹಬೆಯಾಗಿ ತಿರುಳನ್ನು ಬೇಯಿಸುತ್ತದೆ. ಅಂದರೆ ಕಾಯಿ ತನ್ನನ್ನು ತಾನೇ ಬೇಯಿಸಿಕೊಳ್ಳುತ್ತದೆ. ನಾವು ಮಾಡಬೇಕಾದದ್ದು ಆಗಾಗ ಹೊರಳಿಸುತ್ತ ಸುಮ್ಮನೆ ಕೂರುವುದು. ಮೂವತ್ತನಾಲ್ಕು ವರ್ಷ ಸರ್ಕಾರಿ ಸೇವೆಯಲ್ಲಿದ್ದವನಿಗೆ ಈ ಕೆಲಸ ಒಗ್ಗಿಬಂತು ಎಂದು ಗೆಳೆಯರೊಬ್ಬರು ಕುಹಕವಾಡಿದರು.

ಸುಟ್ಟ ಬದನೆಯ ಗೊಜ್ಜಿಗೆ ಹುಣಸೆಹಣ್ಣು ಎಷ್ಟು ಎಂದು ಕೇಳಲು ಡಲ್ಲಾಸ್‌ಗೆ ಫೋನು ಮಾಡಿದೆ. ‘ನಲವತ್ತು ವರ್ಷ ತಿಂದಿದ್ದೀರಿ, ಗೊತ್ತಿಲ್ಲವೇ?’ ಎಂದಳು. ತಿನ್ನುವವನಿಗೆ ರುಚಿ ಗೊತ್ತಿರುತ್ತದೆ, ಅಳತೆ ಗೊತ್ತಿರುವುದಿಲ್ಲ ಎಂದು ವಾದಿಸಿದೆ. ಅವಳು ವಾದಕ್ಕೆ ನಿಲ್ಲದೆ, ನೆಲ್ಲಿಕಾಯಿ ಗಾತ್ರ ಎಂದು ಹೇಳಿ ಮಗುವಿನ ಬಳಿಗೆ ಹೋದಳು.

ಸುಟ್ಟು ತಿನ್ನುವುದು ನಮಗೆ ಹೊಸದೇನಲ್ಲ. ಎಂಬತ್ತರ ದಶಕದ ಕೊನೆಯಲ್ಲಿ ವಿಜಯಪುರ ಜಿಲ್ಲೆಯಲ್ಲಿದ್ದಾಗ, ಹಿಂಗಾರು ಜೋಳ ಹಾಲುಗಾಳು ಕಟ್ಟುವ ಕಾಲಕ್ಕೆ, ಹೊಲಗಳ ಬದುವಿನಲ್ಲಿ ಕುಳ್ಳಿನ ಬೆಂಕಿ ಹಾಕಿ ಸೀತನಿ ಸುಡುತ್ತಿದ್ದರು. ಕಾಮಗಾರಿ ಪರಿಶೀಲನೆಗೆ ಹೊರಟ ನಮ್ಮ ಜೀಪನ್ನು ರೈತನೊಬ್ಬ ಅಡ್ಡಗಟ್ಟಿ, ಕೂರಿಸಿ, ತೆನೆಯನ್ನು ಬಿಸಿಬಿಸಿಯಾಗಿ ಅಂಗೈಯಲ್ಲಿ ತಿಕ್ಕಿ, ಊದಿ, ಹಸಿರು ಕಾಳನ್ನು ನಮ್ಮ ಬೊಗಸೆಗೆ ಸುರಿದದ್ದು ಕಣ್ಣಿಗೆ ಕಟ್ಟಿದೆ. ಜೊತೆಗೆ ಶೇಂಗಾ ಚಟ್ನಿಪುಡಿ, ಕೆನೆಮೊಸರು. ಅಲ್ಲಿ ಯಾರೂ ಒಬ್ಬರೇ ಕುಳಿತು ಸೀತನಿ ತಿಂದದ್ದನ್ನು ನಾನು ನೋಡಲಿಲ್ಲ. ತಿಕ್ಕುವವನು ಒಬ್ಬ, ತಿನ್ನುವವರು ಹತ್ತು ಮಂದಿ. ಮಲೆನಾಡಿನ ಒಲೆಯ ಬೂದಿಯಲ್ಲಿ ಹಲಸಿನ ಬೀಜ ಸುಡುವಾಗಲೂ ಹೀಗೆಯೇ, ಸುತ್ತ ಮಕ್ಕಳು ಇರುತ್ತಾರೆ. ತಾರಸಿಯ ಮೇಲೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಒಂದು ಮುಸುಕಿನ ಜೋಳದ ತೆನೆಯನ್ನು ತಾನೇ ಸುಟ್ಟು ತಾನೇ ತಿನ್ನುವುದು ಬೇರೆಯದೇ ಒಂದು ಅನುಭವ. ಅದರಲ್ಲಿ ಸುಖವಿಲ್ಲವೆಂದು ನಾನು ಹೇಳಲಾರೆ. ಪುಸ್ತಕ ತೊಡೆಯ ಮೇಲಿರುತ್ತದೆ, ಕೆಂಡ ಚಟಪಟ ಎನ್ನುತ್ತದೆ, ಪಕ್ಕದ ಮನೆಯ ಮಾವಿನ ಮರಕ್ಕೆ ಕೆಂಬೂತ ಬಂದು ಹೋಗುತ್ತದೆ. ಎರಡು ಗಂಟೆ ಕಳೆದದ್ದೇ ತಿಳಿಯುವುದಿಲ್ಲ. ಆದರೆ ಎರಡನೆಯ ತೆನೆಯನ್ನು ಸುಟ್ಟು ಯಾರಿಗೆ ಕೊಡುವುದು ಎಂದು ಕೈ ಒಂದು ಕ್ಷಣ ತಡೆಯುತ್ತದೆ.

ಅರ್ಥಶಾಸ್ತ್ರ ಓದಿದವನ ಮನಸ್ಸು ಬಿಡುವಿನಲ್ಲಿಯೂ ಬಿಡುವಿನ ಬಗ್ಗೆಯೇ ಯೋಚಿಸುತ್ತದೆ. ಅಮೆರಿಕದಲ್ಲಿ 1926ರಲ್ಲಿ ಹೆನ್ರಿ ಫೋರ್ಡ್ ತನ್ನ ಕಾರ್ಖಾನೆಗಳಿಗೆ ಐದು ದಿನಗಳ ವಾರವನ್ನು ತಂದ. ದಯೆಯಿಂದ ಮಾತ್ರ ಅಲ್ಲ. ಬಿಡುವಿರುವ ಕಾರ್ಮಿಕನೇ ಹೆಚ್ಚು ಕೊಳ್ಳುತ್ತಾನೆ, ಕಾರನ್ನೂ ಕೊಳ್ಳುತ್ತಾನೆ ಎಂಬ ಲೆಕ್ಕದಿಂದ. ಅದೇ ಫೋರ್ಡ್, ಅದೇ ದಶಕದಲ್ಲಿ, ಮಿಚಿಗನ್‌ನಲ್ಲಿದ್ದ ತನ್ನ ಮರಗೆಲಸದ ಕಾರ್ಖಾನೆಯಲ್ಲಿ ಉಳಿಯುತ್ತಿದ್ದ ತುಂಡು ಮರವನ್ನು ವ್ಯರ್ಥ ಮಾಡಬಾರದೆಂದು ಇದ್ದಿಲಿನ ಉಂಡೆಗಳನ್ನು ಮಾಡಿಸಿ, ಕಾರು ಮಾರುವ ಮಳಿಗೆಗಳಲ್ಲಿಯೇ ಮಾರಿಸಿದ. ವಾರಾಂತ್ಯವನ್ನು ಕೊಟ್ಟವನೂ ಅವನೇ, ಆ ವಾರಾಂತ್ಯದಲ್ಲಿ ಹೊತ್ತಿಸಲು ಇದ್ದಿಲನ್ನು ಮಾರಿದವನೂ ಅವನೇ! ನಮ್ಮ ಅಳಿಯ ಭಾನುವಾರ ಹಿತ್ತಲಿನಲ್ಲಿ ಗುಮ್ಮಟದಾಕಾರದ ಒಲೆಯ ಮುಂದೆ ನಿಂತಿರುವ ಚಿತ್ರವನ್ನು ಕಳುಹಿಸಿದಾಗಲೆಲ್ಲ ನನಗೆ ಇದು ನೆನಪಾಗುತ್ತದೆ. ಅವನಿಗೂ ಹೇಳಿದ್ದೇನೆ. ಅವನು ಜಪಾನಿ ಕಾರು ಇಟ್ಟುಕೊಂಡಿದ್ದಾನೆ.

ಕೇನ್ಸ್ 1930ರಲ್ಲಿ ಬರೆದ ಪ್ರಬಂಧವೊಂದರಲ್ಲಿ, ನೂರು ವರ್ಷಗಳಲ್ಲಿ ಮನುಷ್ಯ ವಾರಕ್ಕೆ ಹದಿನೈದು ಗಂಟೆ ದುಡಿದರೆ ಸಾಕಾಗುತ್ತದೆ, ಆಗ ಬಿಡುವನ್ನು ಏನು ಮಾಡುವುದು ಎಂಬುದೇ ಸಮಸ್ಯೆಯಾಗುತ್ತದೆ ಎಂದು ಊಹಿಸಿದ್ದರು. ಇನ್ನು ಕೆಲವೇ ವರ್ಷಗಳು ಉಳಿದಿವೆ; ಹದಿನೈದು ಗಂಟೆ ಬರುವ ಲಕ್ಷಣವಿಲ್ಲ. ಆ ಪ್ರಬಂಧದಲ್ಲಿ, ಜೀವಮಾನವಿಡೀ ಮನೆಗೆಲಸ ಮಾಡಿ ಸತ್ತ ಹೆಂಗಸೊಬ್ಬಳು ಪರಲೋಕದಲ್ಲಿ ಏನೂ ಮಾಡದೆ ಇರುವುದನ್ನೇ ಸ್ವರ್ಗವೆಂದು ಎಣಿಸಿದ ಸಮಾಧಿ ಬರಹದ ಪ್ರಸ್ತಾಪ ಬರುತ್ತದೆ. ವಿದ್ಯಾರ್ಥಿಯಾಗಿದ್ದಾಗ ಅದನ್ನು ವಿನೋದವೆಂದು ಓದಿದ್ದೆ. ಗ್ಯಾರಿ ಬೆಕರ್ 1965ರಲ್ಲಿ, ಮನೆ ಎಂಬುದು ಒಂದು ಸಣ್ಣ ಕಾರ್ಖಾನೆ, ಕೊಂಡು ತಂದ ಸರಕಿಗೆ ಮನೆಯವರ ಸಮಯವನ್ನು ಬೆರೆಸಿದಾಗಲೇ ಊಟ ಸಿದ್ಧವಾಗುತ್ತದೆ ಎಂದು ವಿವರಿಸಿದರು. ಅದನ್ನೂ ಪರೀಕ್ಷೆಗೆ ಬರೆದಿದ್ದೆ, ಒಳ್ಳೆಯ ಅಂಕವೂ ಬಂದಿತ್ತು. ಆ ಸಮಯ ಯಾರದು ಎಂದು ಪ್ರಶ್ನೆಪತ್ರಿಕೆಯಲ್ಲಿ ಕೇಳಿರಲಿಲ್ಲ.

ಕೇಂದ್ರ ಸರ್ಕಾರ 2019ರಲ್ಲಿ ನಡೆಸಿದ ಸಮಯ ಬಳಕೆಯ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ದಿನಕ್ಕೆ 299 ನಿಮಿಷ ಕಳೆಯುತ್ತಿದ್ದರು. ತೊಡಗಿದ ಗಂಡಸರು 97 ನಿಮಿಷ. ಅಂತಹ ಗಂಡಸರಾದರೂ ನೂರಕ್ಕೆ ಇಪ್ಪತ್ತಾರು ಮಂದಿ ಮಾತ್ರ. ಇಷ್ಟು ವರ್ಷ ಉಳಿದ ಎಪ್ಪತ್ತನಾಲ್ಕರಲ್ಲಿ ನಾನೊಬ್ಬ. ಜೂನ್ ತಿಂಗಳ ಒಂದು ಭಾನುವಾರ ಹಳೆಯ ಅಭ್ಯಾಸಬಲದಿಂದ ದಿನಚರಿಯಲ್ಲಿ ಗುರುತು ಹಾಕಿಕೊಂಡೆ. ಹಾಲು ಕಾಯಿಸಿದ್ದರಿಂದ ಹಿಡಿದು ರಾತ್ರಿ ಪಾತ್ರೆ ತೊಳೆದಿಡುವವರೆಗೆ 212 ನಿಮಿಷ ಆಯಿತು. ಒಬ್ಬ ಮನುಷ್ಯನ ಮನೆಗೆ! ಕೆಂಡದ ಮುಂದೆ ಸುಮ್ಮನೆ ಕುಳಿತದ್ದನ್ನು ನಾನು ಇದರಲ್ಲಿ ಸೇರಿಸಿಲ್ಲ.

ಈಗ ಹೇಳಬೇಕಾದ ಮಾತಿಗೆ ಬರುತ್ತೇನೆ. ಜುಲೈ ಎರಡನೆಯ ಶನಿವಾರ ಬೆಳಿಗ್ಗೆ ಹತ್ತಕ್ಕೆ ಕೆಂಡ ಸಿದ್ಧವಾದ ಹೊತ್ತಿಗೆ ಮಳೆ ಬಂತು. ಹೊತ್ತಿದ ಕೆಂಡವನ್ನು ನಂದಿಸಲು ಮನಸ್ಸಾಗಲಿಲ್ಲ. ಅಗ್ಗಿಷ್ಟಿಕೆಯನ್ನು ಹಾಗೆಯೇ ಹಿಡಿದುಕೊಂಡು ಅಡುಗೆಮನೆಯ ಹಿಂದಿನ ಕೋಣೆಗೆ ತಂದೆ. ಎರಚಲು ಬರುತ್ತಿದ್ದುದರಿಂದ ಕಿಟಕಿಯ ಗಾಜು ಎಳೆದೆ. ಹೊಗೆ ಇರಲಿಲ್ಲ; ಬೆಚ್ಚಗಿತ್ತು, ಹಿತವಾಗಿತ್ತು. ತೆನೆ ಸುಡುತ್ತ ಓದುತ್ತ ಕುಳಿತೆ. ಸ್ವಲ್ಪ ಹೊತ್ತಿನಲ್ಲಿ ಆಕಳಿಕೆ ಬಂತು, ಆಮೇಲೆ ತಲೆನೋವು. ಬೆಳಗಿನ ರಕ್ತದೊತ್ತಡದ ಮಾತ್ರೆ ತೆಗೆದುಕೊಂಡಿದ್ದೇನೆಯೇ ಎಂದು ಯೋಚಿಸಿದೆ, ಜ್ಞಾಪಕವಾಗಲಿಲ್ಲ. ಒಂದೇ ಸಾಲನ್ನು ಮತ್ತೆ ಮತ್ತೆ ಓದುತ್ತಿದ್ದೇನೆ ಎಂಬುದು ತಿಳಿಯುತ್ತಿತ್ತು, ಅದರಿಂದ ಏನೂ ಅನ್ನಿಸುತ್ತಿರಲಿಲ್ಲ. ಆಗ ಕರೆಗಂಟೆ ಬಾರಿಸಿತು. ಎದ್ದಾಗ ಕಾಲು ನಿಲ್ಲಲಿಲ್ಲ. ಗೋಡೆ ಹಿಡಿದು ಹೋಗಿ ಬಾಗಿಲು ತೆಗೆದು ಅಲ್ಲಿಯೇ ಕುಸಿದು ಕುಳಿತೆ.

ಬಂದಿದ್ದವನು ಇಸ್ತ್ರಿಯಾತ. ಸಾಮಾನ್ಯವಾಗಿ ಸಂಜೆ ಬಟ್ಟೆ ತಂದುಕೊಡುವವನು, ಮಳೆಯಲ್ಲಿ ಗಾಡಿ ನಡೆಯದೆಂದು ಆ ದಿನ ಬೆಳಿಗ್ಗೆಯೇ ತಂದಿದ್ದ. ಒಳಗಿನ ವಾಸನೆ ಹಿಡಿದ ತಕ್ಷಣ ಬಟ್ಟೆಗಂಟನ್ನು ಬಿಸಾಡಿ ಹೋಗಿ ಕಿಟಕಿಗಳನ್ನೆಲ್ಲ ತೆಗೆದು, ಅಗ್ಗಿಷ್ಟಿಕೆಯನ್ನು ಎತ್ತಿ ಹಿತ್ತಲ ಮಳೆಗೆ ಇಟ್ಟ. ನನ್ನನ್ನು ಜಗಲಿಗೆ ಕರೆತಂದು ಕೂರಿಸಿ, ಏರಿದ ದನಿಯಲ್ಲಿಯೇ ಕೇಳಿದ: ‘ನಾವು ಗಾಡೀನ ಬೀದೀಲಿ ಯಾಕೆ ಇಡ್ತೀವಿ ಅಂದ್ಕೊಂಡಿದ್ರಿ ಸಾರ್?’

ಇದ್ದಿಲು ಉರಿಯುವಾಗ ಗಾಳಿ ಸಾಲದೆ ಹೋದರೆ ಹುಟ್ಟುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಆತ ಹಿಡಿದದ್ದು ಕೆಂಡದ ವಾಸನೆಯನ್ನು. ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ರಕ್ತದ ಹಿಮೊಗ್ಲೋಬಿನ್ನಿಗೆ ಅಂಟಿಕೊಳ್ಳುತ್ತದೆ. ಮೊದಲು ಮಂಕಾಗುವುದು ವಿವೇಚನೆ. ಆದ್ದರಿಂದಲೇ ಅಪಾಯದಲ್ಲಿರುವವನಿಗೆ ತಾನು ಅಪಾಯದಲ್ಲಿದ್ದೇನೆ ಎಂದು ತೋರುವುದಿಲ್ಲ. ಹೊಗೆಯಿಲ್ಲದ ಕೆಂಡ ನಿರುಪದ್ರವಿ ಎಂಬುದು ನನ್ನಂತೆ ಹಲವರ ನಂಬಿಕೆ. ಚಳಿಗಾಲದಲ್ಲಿ ಮುಚ್ಚಿದ ಕೋಣೆಯಲ್ಲಿ ಅಗ್ಗಿಷ್ಟಿಕೆ ಇಟ್ಟು ಮಲಗಿದವರು ಬೆಳಿಗ್ಗೆ ಏಳದ ಸುದ್ದಿ ಪ್ರತಿ ವರ್ಷ ಉತ್ತರ ಭಾರತದಿಂದ ಬರುತ್ತದೆ. ನಾನು ಆ ಸುದ್ದಿಗಳನ್ನು ಓದಿ ಬಡವರ ಅಜ್ಞಾನವೆಂದು ಪುಟ ತಿರುಗಿಸಿದ್ದೇನೆ. ಸಂಜೆ ನೋಡಿದ ವೈದ್ಯರು, ಇನ್ನು ಅರ್ಧ ಗಂಟೆ ಕುಳಿತಿದ್ದರೆ ಎಂದು ಆರಂಭಿಸಿ ವಾಕ್ಯವನ್ನು ಪೂರ್ತಿ ಮಾಡಲಿಲ್ಲ.

ನಮ್ಮ ಬೀದಿಯಲ್ಲಿ ಹದಿಮೂರು ಮನೆಗಳಿವೆ. ಐದರಲ್ಲಿ ವಯಸ್ಸಾದ ದಂಪತಿಗಳು ಮಾತ್ರ, ಮೂರರಲ್ಲಿ ಒಬ್ಬೊಬ್ಬರೇ. ಹಿರಿಯರಿಗೆಂದು 14567 ಎಂಬ ಸಹಾಯವಾಣಿ ಇದೆ. ಸಂಖ್ಯೆಯನ್ನು ನಾನೇ ಫೋನಿನ ಪಕ್ಕದ ಗೋಡೆಗೆ ಅಂಟಿಸಿದ್ದೆ. ಒಳ್ಳೆಯ ವ್ಯವಸ್ಥೆ. ಆದರೆ ಕರೆ ಮಾಡಬೇಕೆಂದು ಹೊಳೆಯಲು ತಲೆ ಸರಿಯಾಗಿರಬೇಕು. ಈಗ ನಾವು ಮೂವರು ಒಂಟಿಗಳು ಒಂದು ಒಪ್ಪಂದ ಮಾಡಿಕೊಂಡಿದ್ದೇವೆ. ರಜೆಯ ದಿನ ಬೆಳಿಗ್ಗೆ ಒಂಬತ್ತರೊಳಗೆ ಯಾರ ಮನೆಯ ಹಾಲಿನ ಚೀಲ ಬಾಗಿಲಲ್ಲೇ ಇದೆಯೋ ಅವರ ಗಂಟೆಯನ್ನು ಉಳಿದವರು ಬಾರಿಸಬೇಕು. ಒಬ್ಬರು ನಿವೃತ್ತ ಶಾಲಾ ಶಿಕ್ಷಕಿ, ಎಂಟೂವರೆಗೇ ಬಾರಿಸಿಬಿಡುತ್ತಾರೆ. ಅಗ್ಗಿಷ್ಟಿಕೆ ತಾರಸಿಗೆ ಮರಳಿದೆ. ಶನಿವಾರ ಮೂರು ತೆನೆ ಹೆಚ್ಚಿಗೆ ತರುತ್ತೇನೆ; ಇಸ್ತ್ರಿಯಾತ ಇದ್ದಿಲಿನ ಬೆಲೆಯನ್ನು ಹೀಗೆ ವಸೂಲು ಮಾಡಲು ಒಪ್ಪಿದ್ದಾನೆ.

ಆ ರಾತ್ರಿ ಡಲ್ಲಾಸ್‌ನಿಂದ ಫೋನು ಬಂದಿತ್ತು. ‘ಊಟ ಆಯಿತಾ?’ ಎಂದಳು. ಆಯಿತು ಎಂದೆ. ‘ಏನು ಮಾಡಿದ್ದಿರಿ?’ ಮಳೆ ಇತ್ತು, ಸುಮ್ಮನೆ ಕುಳಿತಿದ್ದೆ ಎಂದೆ. ಸುಳ್ಳು ಹೇಳಿದಂತೆಯೂ ಆಗಲಿಲ್ಲ. ಆಮೇಲೆ ಹೇಳಲು ಎರಡು ಮೂರು ಸಲ ಬಾಯಿ ತೆರೆದೆ. ಪ್ರತಿ ಸಲ ಮಗು ಅತ್ತಿತು. ಇಲ್ಲಿ ಭಾನುವಾರ ಬೆಳಗಾಗುವಾಗ ಅಲ್ಲಿ ಶನಿವಾರ ರಾತ್ರಿ ಎಂಟು ಗಂಟೆ. ಮಗುವನ್ನು ಮಲಗಿಸಿ ಅವಳು ಅಂತರಜಾಲದಲ್ಲಿ ಈ ಪುಟವನ್ನು ತಪ್ಪದೆ ಓದುತ್ತಾಳೆ. ಲೇಖನ ಅಚ್ಚಾದ ದಿನ ಹಾಲಿನ ಚೀಲವನ್ನು ಬೇಗ ಒಳಗೆ ತೆಗೆದುಕೊಂಡು ಫೋನಿನ ಪಕ್ಕದಲ್ಲಿ ಕೂರುವುದೆಂದು ನಿಶ್ಚಯಿಸಿದ್ದೇನೆ.