ಮೂರು ನಿಮಿಷದ ಮಾತು, ಮೂರು ತಾಲ್ಲೂಕಿನ ವ್ಯಾಪಾರ

2025ರ ಅಕ್ಟೋಬರ್ ಕೊನೆಯಲ್ಲಿ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ಕಬ್ಬು ಬೆಳೆಗಾರರು ಧರಣಿ ಕುಳಿತರು. ಟನ್ನಿಗೆ 3,500 ರೂಪಾಯಿ ದರ ದೊರೆಯಬೇಕೆಂಬುದು ಅವರ ಬೇಡಿಕೆಯಾಗಿತ್ತು. ನವೆಂಬರ್ 7ರಂದು ರಾಜ್ಯ ಸರಕಾರವು ಬೆಂಗಳೂರಿನಲ್ಲಿ ಸಭೆ ನಡೆಸಿ, ಶೇ 11.25 ಇಳುವರಿಯ ಕಬ್ಬಿಗೆ ಕಟಾವು ಮತ್ತು ಸಾಗಣೆ ವೆಚ್ಚವನ್ನು ಹೊರತುಪಡಿಸಿ 3,300 ರೂಪಾಯಿ ಎಂದು ಪ್ರಕಟಿಸಿತು. ಹೆಚ್ಚುವರಿ ನೂರು ರೂಪಾಯಿಯಲ್ಲಿ ಅರ್ಧ ಕಾರ್ಖಾನೆಗಳದು, ಅರ್ಧ ಸರಕಾರದ್ದು. ಅಲ್ಲಿಗೆ ವಿಷಯ ಮುಗಿಯಲಿಲ್ಲ. ಹತ್ತು ದಿನಗಳ ತರುವಾಯ ಮುಖ್ಯಮಂತ್ರಿಗಳು ದೆಹಲಿಯಲ್ಲಿ ಪ್ರಧಾನಮಂತ್ರಿಗಳನ್ನು ಕಂಡು ಮನವಿ ಸಲ್ಲಿಸಿದರು. ಗುರ್ಲಾಪುರದ ರಸ್ತೆಯಲ್ಲಿ ಹುಟ್ಟಿದ ಪ್ರಶ್ನೆಯು ದೆಹಲಿಗೇ ಏಕೆ ಹೋಗಬೇಕಾಯಿತು, ಅಲ್ಲಿ ನಮ್ಮ ಸೀಮೆಯ ಪರವಾಗಿ ಮಾತನಾಡುವವರಿಗೆ ಯಾವ ದಾರಿಗಳಿವೆ ಎಂಬುದನ್ನು ವರ್ತಕರೂ ಸಣ್ಣ ಉದ್ಯಮಿಗಳೂ ಅರಿತಿರಬೇಕಾದ ಅಗತ್ಯವಿದೆ.

ಮೊದಲು ಲೆಕ್ಕವನ್ನು ನೋಡೋಣ. ಕಬ್ಬಿನ ನ್ಯಾಯಸಮ್ಮತ ಮತ್ತು ಲಾಭದಾಯಕ ಬೆಲೆಯನ್ನು, ಅಂದರೆ ಎಫ್‌ಆರ್‌ಪಿಯನ್ನು, 1966ರ ಕಬ್ಬು ನಿಯಂತ್ರಣ ಆದೇಶದನ್ವಯ ಕೇಂದ್ರ ಸರಕಾರವೇ ನಿಗದಿಪಡಿಸುತ್ತದೆ. 2018–19ರ ಹಂಗಾಮಿಗೆ ಅದು ಶೇ 10 ಇಳುವರಿಗೆ ಕ್ವಿಂಟಲ್‌ಗೆ 275 ರೂಪಾಯಿ ಇತ್ತು. 2025–26ಕ್ಕೆ ಶೇ 10.25 ಇಳುವರಿಗೆ 355 ರೂಪಾಯಿ ಆಯಿತು. ಸಕ್ಕರೆಯ ಕನಿಷ್ಠ ಮಾರಾಟ ಬೆಲೆಯನ್ನು ನಿಗದಿ ಮಾಡುವುದೂ ಕೇಂದ್ರವೇ. 2019ರ ಫೆಬ್ರುವರಿಯಲ್ಲಿ ಕಿಲೋಗೆ 31 ರೂಪಾಯಿ ಎಂದು ನಿರ್ಧರಿಸಿದ್ದು ಗುರ್ಲಾಪುರದ ಹೋರಾಟದ ಹೊತ್ತಿಗೂ ಬದಲಾಗಿರಲಿಲ್ಲ. ಶೇ 10.25 ಇಳುವರಿಯ ಒಂದು ಟನ್ ಕಬ್ಬಿನಿಂದ ನೂರಾಎರಡೂವರೆ ಕಿಲೋ ಸಕ್ಕರೆ ಬರುತ್ತದೆ. ಕಿಲೋಗೆ 31ರಂತೆ ಅದರ ಬೆಲೆ 3,177 ರೂಪಾಯಿ 50 ಪೈಸೆ. ಆ ಕಬ್ಬಿಗೆ ಕೊಡಬೇಕಾದ ಎಫ್‌ಆರ್‌ಪಿ 3,550 ರೂಪಾಯಿ. ಪೇಟೆಯ ಧಾರಣೆ ಕನಿಷ್ಠ ಬೆಲೆಗಿಂತ ಮೇಲಿರುತ್ತದೆ, ಮೊಲಾಸಿಸ್, ಬಗಾಸ್, ವಿದ್ಯುತ್ತಿನ ಆದಾಯವೂ ಕಾರ್ಖಾನೆಗಿದೆ ಎಂಬುದು ನಿಜವೇ. ಆದರೂ ಒಂದು ಕೈಯಿಂದ ಕಚ್ಚಾಮಾಲಿನ ಬೆಲೆಯನ್ನು ಏರಿಸುತ್ತ, ಇನ್ನೊಂದು ಕೈಯಿಂದ ಸಿದ್ಧಮಾಲಿನ ತಳಬೆಲೆಯನ್ನು ಆರು ವರ್ಷ ಹಾಗೆಯೇ ಹಿಡಿದಿಟ್ಟರೆ ಕಾರ್ಖಾನೆಯು ಬಾಕಿ ಉಳಿಸಿಕೊಳ್ಳುವ ಹಾದಿ ಹಿಡಿಯುತ್ತದೆ. ಹದಿನಾಲ್ಕು ದಿನದೊಳಗೆ ಹಣ ಕೊಡಬೇಕು, ತಪ್ಪಿದರೆ ಶೇ 15 ಬಡ್ಡಿ ಎಂಬ ನಿಯಮ ಕಾಗದದ ಮೇಲಿದೆ. ಕಬ್ಬಿನ ಬಿಲ್ಲು ತಡವಾದಾಗ ರೈತನ ಮನೆಯ ಬಳಿಕ ಅದರ ಬಿಸಿ ತಟ್ಟುವುದು ಗೋಕಾಕದ ಬಟ್ಟೆ ಅಂಗಡಿಗೆ, ಮೂಡಲಗಿಯ ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿಗೆ, ಸಂಕೇಶ್ವರದ ಕಿರಾಣಿಗೆ. ಉದ್ದರಿ ಖಾತೆಯ ಪುಟಗಳು ದಪ್ಪವಾಗುವುದನ್ನು ಕಂಡ ವರ್ತಕರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಎಥೆನಾಲ್‌ನ ಕಥೆಯೂ ಇದೇ. 2023ರ ಡಿಸೆಂಬರ್ 7ರಂದು ಹೊರಬಿದ್ದ ಒಂದು ಆದೇಶವು ಕಬ್ಬಿನ ಹಾಲಿನಿಂದ ಎಥೆನಾಲ್ ತೆಗೆಯುವುದನ್ನು ತಡೆಯಿತು. ಕೆಲವೇ ದಿನಗಳಲ್ಲಿ ಮಿತಿಯೊಂದನ್ನು ಹಾಕಿ ಸಡಿಲಿಸಲಾಯಿತು. 2024ರ ಆಗಸ್ಟಿನಲ್ಲಿ ಮುಂದಿನ ವರ್ಷಕ್ಕೆ ನಿರ್ಬಂಧ ತೆಗೆಯಲಾಯಿತು. ಸಾಲ ಮಾಡಿ ಡಿಸ್ಟಿಲರಿ ಕಟ್ಟಿದವರು ಈ ನಡುವೆ ಎಂತಹ ಗೊಂದಲಕ್ಕೆ ಸಿಲುಕಿದರೆಂಬುದನ್ನು ದೆಹಲಿಯಲ್ಲಿ ಯಾರಾದರೂ ಹೇಳಬೇಕಲ್ಲವೇ?

ಹೇಳಬೇಕಾದವರು ಯಾರು? 2008ರ ಕ್ಷೇತ್ರ ಪುನರ್ವಿಂಗಡಣೆಯ ನಂತರ ಗೋಕಾಕ ಮತ್ತು ಮೂಡಲಗಿಯನ್ನೊಳಗೊಂಡ ಅರಭಾವಿ ವಿಧಾನಸಭಾ ಕ್ಷೇತ್ರಗಳು ಬೆಳಗಾವಿ ಲೋಕಸಭಾ ಕ್ಷೇತ್ರದಲ್ಲಿವೆ. ಹುಕ್ಕೇರಿ ಮತ್ತು ಯಮಕನಮರಡಿ ಚಿಕ್ಕೋಡಿಯಲ್ಲಿವೆ. ಒಂದೇ ಘಟಪ್ರಭೆಯ ನೀರು, ಒಂದೇ ಕಬ್ಬಿನ ಸೀಮೆ, ಆದರೆ ಸಂಸದರು ಇಬ್ಬರು. ಈ ಗೆರೆಯನ್ನು ದಾಟಿ ಮಾತನಾಡುವ ಅವಕಾಶ ಇರುವುದು ಇಡೀ ರಾಜ್ಯವನ್ನು ಪ್ರತಿನಿಧಿಸುವ ರಾಜ್ಯಸಭಾ ಸದಸ್ಯರಿಗೆ. 2020ರ ಜೂನ್‌ನಲ್ಲಿ ಮೂಡಲಗಿ ತಾಲ್ಲೂಕಿನ ಕಲ್ಲೋಳಿಯ ಶ್ರೀ ಈರಣ್ಣ ಕಡಾಡಿಯವರು ಭಾರತೀಯ ಜನತಾ ಪಕ್ಷದಿಂದ ರಾಜ್ಯಸಭೆಗೆ ಅವಿರೋಧವಾಗಿ ಆಯ್ಕೆಯಾದರು. ಅವರ ಜೊತೆಗೇ ಆಯ್ಕೆಯಾದವರು ಮಾಜಿ ಪ್ರಧಾನಿ ಶ್ರೀ ಎಚ್.ಡಿ. ದೇವೇಗೌಡ ಮತ್ತು ಶ್ರೀ ಮಲ್ಲಿಕಾರ್ಜುನ ಖರ್ಗೆಯವರಂತಹ ಹಿರಿಯರು. ಬೆಳಗಾವಿ ಜಿಲ್ಲಾ ಪಂಚಾಯಿತಿಯ ಅಧ್ಯಕ್ಷತೆಯಿಂದ ಮೇಲೆ ಬಂದ ಹಳ್ಳಿಯ ಕೃಷಿಕರೊಬ್ಬರಿಗೆ ಮೇಲ್ಮನೆಯ ಸ್ಥಾನ ದೊರೆತದ್ದು ಈ ಭಾಗಕ್ಕೆ ಹೊಸ ಸಂಗತಿಯೇ ಆಗಿತ್ತು. ರೈಲು ಮತ್ತು ಕೃಷಿಯ ವಿಷಯಗಳನ್ನು ಅವರು ಅಲ್ಲಿ ಎತ್ತುತ್ತ ಬಂದವರು.

ಈ ಭಾಗಕ್ಕೆ ದೆಹಲಿಯಲ್ಲಿ ದನಿಯೇ ಇರಲಿಲ್ಲವೆಂದಲ್ಲ. ಚಿಕ್ಕೋಡಿಯಿಂದ 1967ರಿಂದ 1996ರವರೆಗೆ ಏಳು ಸಲ ಲೋಕಸಭೆ ಪ್ರವೇಶಿಸಿದ ಶ್ರೀ ಬಿ. ಶಂಕರಾನಂದ ಅವರು ಆರೋಗ್ಯ, ನೀರಾವರಿ, ಪೆಟ್ರೋಲಿಯಂ ಖಾತೆಗಳನ್ನು ನಿರ್ವಹಿಸಿದರು. ಬೆಳಗಾವಿಯಿಂದ 2004ರ ನಂತರ ಸತತ ನಾಲ್ಕು ಸಲ ಗೆದ್ದ ಶ್ರೀ ಸುರೇಶ ಅಂಗಡಿಯವರು 2019ರಲ್ಲಿ ರೈಲ್ವೆ ರಾಜ್ಯ ಸಚಿವರಾದರು; 2020ರ ಸೆಪ್ಟೆಂಬರ್ 23ರಂದು ಕೋವಿಡ್‌ಗೆ ಬಲಿಯಾದರು. ಅಷ್ಟರೊಳಗೆ ಕಿತ್ತೂರು ಮಾರ್ಗವಾಗಿ ಧಾರವಾಡ–ಬೆಳಗಾವಿ ನೇರ ರೈಲು ಮಾರ್ಗಕ್ಕೆ, ಸುಮಾರು 73 ಕಿಲೋಮೀಟರ್, 927 ಕೋಟಿ ರೂಪಾಯಿ ಅಂದಾಜಿನಲ್ಲಿ, ಮಂಜೂರಾತಿ ದೊರೆತಿತ್ತು. ಸಚಿವರ ಕೈಯಲ್ಲಿ ಕಡತವೇ ಇರುತ್ತದೆ. ಸಚಿವರಲ್ಲದ ಸದಸ್ಯರ ಕೈಯಲ್ಲಿರುವುದು ಪ್ರಶ್ನೆ ಮತ್ತು ಮಾತು ಮಾತ್ರ. ಕಡತ ಹಿಡಿದವರ ಯೋಜನೆಯೂ ಮಂಜೂರಾತಿಯ ನಂತರ ಭೂಸ್ವಾಧೀನದಲ್ಲಿಯೇ ವರ್ಷಗಳನ್ನು ಕಳೆಯಿತೆಂಬುದನ್ನು ಮರೆಯಲಾಗದು. ಜಮೀನು ಒದಗಿಸಬೇಕಾದುದು ರಾಜ್ಯ.

ಆ ಪ್ರಶ್ನೆ ಮತ್ತು ಮಾತಿನ ಬಲವೆಷ್ಟು? ಪತ್ರಿಕೆಗಳಲ್ಲಿ ಹೆಚ್ಚು ಪ್ರಚಾರ ಪಡೆಯುವುದು ಶೂನ್ಯವೇಳೆಯ ಪ್ರಸ್ತಾಪ. ರಾಜ್ಯಸಭೆಯಲ್ಲಿ ಅದಕ್ಕೆ ಮೂರು ನಿಮಿಷ. ಆಮೇಲೆ ಧ್ವನಿವರ್ಧಕ ಬಂದ್. ಸಚಿವರು ಅಲ್ಲಿಯೇ ಉತ್ತರಿಸಬೇಕೆಂಬ ಕಟ್ಟಳೆಯಿಲ್ಲ. ವಿಶೇಷ ಪ್ರಸ್ತಾಪವೆಂಬುದು ಇನ್ನೊಂದು: ಇನ್ನೂರೈವತ್ತು ಪದಗಳಿಗೆ ಮೀರದ, ಮೊದಲೇ ಒಪ್ಪಿಗೆ ಪಡೆದ ಬರಹವನ್ನು ಓದುವುದು. ಇದಕ್ಕೆ ಸಂಬಂಧಿಸಿದ ಸಚಿವರು ಸದಸ್ಯರಿಗೆ ಲಿಖಿತವಾಗಿ ಉತ್ತರಿಸುವ ರೂಢಿಯಿದೆ. ಲೋಕಸಭೆಯಲ್ಲಿ ನಿಯಮ 377 ಇದೇ ಕೆಲಸ ಮಾಡುತ್ತದೆ. ಭಾಷೆಯ ಅಳುಕಿಗೂ ಈಗ ಕಾರಣವಿಲ್ಲ. 2018ರ ಜುಲೈನಿಂದ ರಾಜ್ಯಸಭೆಯಲ್ಲಿ ಪರಿಚ್ಛೇದದ 22 ಭಾಷೆಗಳಿಗೂ ತತ್ಕ್ಷಣದ ಅನುವಾದದ ವ್ಯವಸ್ಥೆಯಿದೆ, ಕನ್ನಡದಲ್ಲಿಯೇ ಮಾತನಾಡಬಹುದು.

ನಮ್ಮ ಅಭಿಪ್ರಾಯದಲ್ಲಿ ಇವೆರಡಕ್ಕಿಂತಲೂ ವರ್ತಕರಿಗೆ ಹೆಚ್ಚು ಪ್ರಯೋಜನಕಾರಿಯಾದುದು ಯಾರ ಗಮನಕ್ಕೂ ಬಾರದ ಚುಕ್ಕೆರಹಿತ ಪ್ರಶ್ನೆ. ರಾಜ್ಯಸಭೆಯಲ್ಲಿ ದಿನವೊಂದಕ್ಕೆ ಇಂತಹ 160 ಪ್ರಶ್ನೆಗಳಿಗೆ ಲಿಖಿತ ಉತ್ತರ ಮಂಡನೆಯಾಗುತ್ತದೆ. ಸಚಿವರು ಎದ್ದು ನಿಂತು ಉತ್ತರಿಸಬೇಕಾದ ಚುಕ್ಕೆಗುರುತಿನ ಪ್ರಶ್ನೆಗಳು 15 ಮಾತ್ರ. ಲಿಖಿತ ಉತ್ತರದಲ್ಲಿ ಅಂಕಿಅಂಶ ಇರುತ್ತದೆ, ಸಹಿ ಮಾಡಿದ ಸಚಿವಾಲಯದ ಹೊಣೆ ಇರುತ್ತದೆ. ಅದರಲ್ಲಿ "ಪರಿಶೀಲಿಸಲಾಗುವುದು" ಎಂಬಂತಹ ಮಾತು ಬಂದರೆ ಅದು ಭರವಸೆಯೆಂದು ದಾಖಲಾಗಬಹುದು. ಹಾಗೆ ದಾಖಲಾದುದನ್ನು ಮೂರು ತಿಂಗಳೊಳಗೆ ಪೂರೈಸಬೇಕು, ಇಲ್ಲವಾದರೆ ಸರಕಾರಿ ಭರವಸೆಗಳ ಸಮಿತಿ ಬೆನ್ನು ಹತ್ತುತ್ತದೆ. ಶೂನ್ಯವೇಳೆಯ ಗುಡುಗಿಗೆ ಇಂತಹ ಬೆನ್ನುಹತ್ತುವಿಕೆ ಇಲ್ಲ.

ಬೇಡಿಕೆಯನ್ನು ಯಾವ ಬಾಗಿಲಿಗೆ ಒಯ್ಯಬೇಕೆಂಬ ಗೊಂದಲವೂ ನಮ್ಮಲ್ಲಿ ಬಹಳವಿದೆ. ಬೆಲ್ಲದ ಉದಾಹರಣೆ ನೋಡಿ. 2022ರ ಜುಲೈ 18ರಿಂದ ಮೊದಲೇ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಬೆಲ್ಲಕ್ಕೆ ಶೇ 5 ಜಿಎಸ್‌ಟಿ ಬಿತ್ತು. ಬೆಲ್ಲ ತಯಾರಿಸುವವರಿಗೂ ಅದನ್ನು ಬಳಸುವ ಗೋಕಾಕದ ಕರದಂಟಿನವರಿಗೂ ಇದು ಸಂಬಂಧಿಸಿದ ವಿಷಯ. ಆದರೆ ಈ ದರವನ್ನು ನಿರ್ಧರಿಸುವುದು ಜಿಎಸ್‌ಟಿ ಮಂಡಳಿ. ಅಲ್ಲಿ ಕುಳಿತುಕೊಳ್ಳುವವರು ರಾಜ್ಯದ ಪ್ರತಿನಿಧಿ, ಸಂಸದರಲ್ಲ. ಹಾಗೆಯೇ ಎಫ್‌ಆರ್‌ಪಿಗಿಂತ ಹೆಚ್ಚಿನ ಕಬ್ಬಿನ ದರ ಕೊಡಿಸುವ ಮಾತು ಬೆಂಗಳೂರಿನದು, ಅದಕ್ಕೆ 2013ರ ರಾಜ್ಯ ಕಾಯ್ದೆ ಇದೆ. ಸಕ್ಕರೆಯ ತಳಬೆಲೆ, ತಿಂಗಳ ಬಿಡುಗಡೆ ಕೋಟಾ, ರಫ್ತು ಇವು ದೆಹಲಿಯ ಆಹಾರ ಮತ್ತು ವಾಣಿಜ್ಯ ಸಚಿವಾಲಯಗಳವು. ಎಥೆನಾಲ್ ಖರೀದಿಯ ಪ್ರಶ್ನೆ ಪೆಟ್ರೋಲಿಯಂ ಸಚಿವಾಲಯಕ್ಕೆ ಹೋಗಬೇಕು. ವಿದ್ಯುತ್ತು ಸಮವರ್ತಿ ಪಟ್ಟಿಯದು: 1969ರಲ್ಲಿ ಆರಂಭವಾದ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವು ರಾಜ್ಯದಲ್ಲಿ ಈ ಬಗೆಯ ಒಂದೇ ಸಂಸ್ಥೆಯಾದುದರಿಂದ, ಕೇಂದ್ರವು ವಿದ್ಯುತ್ ಕಾಯ್ದೆಗೆ ತಿದ್ದುಪಡಿ ತರುವಾಗ ಅದರ ಗತಿಯೇನೆಂದು ಕೇಳಬೇಕಾದವರು ನಮ್ಮ ಭಾಗದ ಸದಸ್ಯರೇ, ಬೇರೆಯವರಿಗೆ ಅದು ನೆನಪಾಗುವ ಸಂಭವ ಕಡಿಮೆ.

ಸದಸ್ಯರು ಊರಿಗೆ ಬಂದಾಗ ಶಾಲು ಹೊದಿಸಿ ಇಪ್ಪತ್ತು ಬೇಡಿಕೆಗಳ ಮನವಿ ಕೊಟ್ಟು ಛಾಯಾಚಿತ್ರ ತೆಗೆಸಿಕೊಳ್ಳುವುದು ನಮ್ಮಲ್ಲಿ ವಾಡಿಕೆಯಾಗಿದೆ. ಮೂರು ನಿಮಿಷದಲ್ಲಿ ಇಪ್ಪತ್ತು ಬೇಡಿಕೆ ಹಿಡಿಸಲಾರವು. ಘಟಪ್ರಭಾ ಮತ್ತು ಗೋಕಾಕ ರೋಡ್ ನಿಲ್ದಾಣಗಳು 2023ರ ಆಗಸ್ಟ್ 6ರಂದು ಅಮೃತ ಭಾರತ ಯೋಜನೆಯಲ್ಲಿ ಶಂಕುಸ್ಥಾಪನೆ ಕಂಡವು. ನಿಲ್ದಾಣದ ಚೆಲುವಿಗಿಂತ ವರ್ತಕನಿಗೆ ಮುಖ್ಯವಾದುದು ಸರಕು ಇಳಿಸುವ ಜಾಗ, ಬುಕಿಂಗ್ ಸಮಯ, ನಿಲ್ಲುವ ಗಾಡಿ. ಇವುಗಳಲ್ಲಿ ಒಂದನ್ನು ಆರಿಸಿ, ವರ್ಷಕ್ಕೆ ಎಷ್ಟು ಮಾಲು ಲಾರಿಯಲ್ಲಿ ಹೋಗುತ್ತಿದೆ, ರೈಲಿಗೆ ಬಂದರೆ ಬಾಡಿಗೆ ಎಷ್ಟು ಉಳಿಯುತ್ತದೆ ಎಂಬ ಲೆಕ್ಕವನ್ನು ಅಂಗಡಿಗಳ ಬಿಲ್ಲುಗಳಿಂದಲೇ ತೆಗೆದು ಒಂದು ಪುಟದಲ್ಲಿ ಬರೆದುಕೊಟ್ಟರೆ ಸದಸ್ಯರಿಗೆ ಪ್ರಶ್ನೆ ಸಿದ್ಧವಾದಂತೆ. ಮೂರೂ ತಾಲ್ಲೂಕುಗಳ ವರ್ತಕರು ಸೇರಿ ಅದೇ ಪುಟವನ್ನು ಬೆಳಗಾವಿ ಮತ್ತು ಚಿಕ್ಕೋಡಿಯ ಸಂಸದರಿಗೂ ಕೊಟ್ಟರೆ ಎರಡು ಸದನಗಳಲ್ಲಿ ಒಂದೇ ಪ್ರಶ್ನೆ ಏಳುತ್ತದೆ. ಪಕ್ಷದ ಭೇದ ಅದಕ್ಕೆ ಅಡ್ಡಿಯಾಗಬೇಕಿಲ್ಲ.

ಇನ್ನೊಂದು ದಾರಿ ಅರ್ಜಿ ಸಮಿತಿಯದು. ಯಾವ ನಾಗರಿಕನೂ ಸಂಸತ್ತಿಗೆ ಅರ್ಜಿ ಸಲ್ಲಿಸಬಹುದು. ಸದಸ್ಯರೊಬ್ಬರು ಅದನ್ನು ಮಂಡಿಸುವುದಾದರೆ ಅವರ ಮೇಲುರುಜು ಬೇಕು. ಕನ್ನಡದಲ್ಲಿ ಬರೆದಿದ್ದರೆ ಹಿಂದಿ ಅಥವಾ ಇಂಗ್ಲಿಷ್ ಅನುವಾದಕ್ಕೆ ಅರ್ಜಿದಾರನೇ ಸಹಿ ಮಾಡಿ ಲಗತ್ತಿಸಬೇಕು.

ಪ್ರಶ್ನೆಗೆ ಹದಿನೈದು ದಿನದ ಪೂರ್ವಸೂಚನೆ ಅಗತ್ಯ. ಮುಂಗಾರು ಅಧಿವೇಶನ ಸಾಮಾನ್ಯವಾಗಿ ಜುಲೈನಲ್ಲಿ, ಚಳಿಗಾಲದ್ದು ನವೆಂಬರ್–ಡಿಸೆಂಬರ್‌ನಲ್ಲಿ, ಮುಂಗಡಪತ್ರದ್ದು ಜನವರಿ ಕೊನೆಗೆ ಆರಂಭವಾಗುತ್ತದೆ. ಕಬ್ಬು ನುರಿಸುವ ಹಂಗಾಮಿನ ಪ್ರಶ್ನೆಯನ್ನು ಹಂಗಾಮು ಆರಂಭವಾದ ಮೇಲೆ ಎತ್ತಿದರೆ ಉತ್ತರ ಬರುವಷ್ಟರಲ್ಲಿ ಕಬ್ಬು ಗಾಡಿ ಏರಿರುತ್ತದೆ. ಆ ಪುಟವು ಮುಂಗಾರು ಅಧಿವೇಶನಕ್ಕೆ ಮುನ್ನ, ಜೂನ್ ತಿಂಗಳಲ್ಲಿಯೇ ಸದಸ್ಯರ ಕೈ ಸೇರಿರಬೇಕು.